ಮೈಕೇಲ ಕೀನನ್ನನ ವಯಸ್ಸು

ನೂರು ವರ್ಷದ ಹಿಂದೆ ಐರ್ಲೆಂಡಿನ ಮಣ್ಣು ಸೇರಿದ ಮೈಕೇಲ ಕೀನನ್ ಎಂಬ ರೈತ ಯಾವ ವರ್ಷ ಹುಟ್ಟಿದ ಎಂಬ ಪ್ರಶ್ನೆಗೂ, ದುಬೈಯ ಅಲ್ ಮುರಕ್ಕಬಾತಿನ ಒಂದು ಕಟ್ಟಡ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಗುರುಪಾದಪ್ಪನವರಿಗೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಬೆಳೆದದ್ದು ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ, ಮ್ಯಾನೇಜರ್ ಕೀನನ್ ಸಾಹೇಬರು ಚಹದ ಲೋಟ ಹಿಡಿದುಕೊಂಡು ಅವರ ಮೇಜಿನ ಮೂಲೆಗೆ ಬಂದು ಕೂತಾಗ.

“ಗುರು, ಕಳೆದುಹೋದ ಎಂಥ ಕಾಗದವನ್ನಾದರೂ ನೀವು ಹುಡುಕಿ ತೆಗೆಯುತ್ತೀರಿ” ಎಂದರು ಸಾಹೇಬರು ತಮ್ಮ ಇಂಗ್ಲಿಷಿನಲ್ಲಿ. “ಊರಲ್ಲಿ ನನ್ನ ಮುತ್ತಜ್ಜನ ಗೋರಿಗೆ ಹೊಸ ಕಲ್ಲು ನಿಲ್ಲಿಸುತ್ತಿದ್ದೇವೆ. ಹುಟ್ಟಿದ ವರ್ಷ ಕೆತ್ತಬೇಕು. ಅಕ್ಕ ಒಂದು ವರ್ಷ ಹೇಳುತ್ತಾಳೆ, ನಾನೊಂದು ಹೇಳುತ್ತೇನೆ. ಕಲ್ಲುಕುಟಿಗ ಇವತ್ತು ಸಂಜೆಯವರೆಗೆ ಕಾಯುತ್ತಾನಂತೆ. ಆಮೇಲೆ ತನಗೆ ತೋಚಿದ್ದು ಕೆತ್ತುತ್ತಾನಂತೆ.”

ಬೇರೆ ದಿನವಾಗಿದ್ದರೆ ಗುರುಪಾದಪ್ಪನವರು ಕೆಲಸದ ನೆಪ ಹೇಳಿ ಜಾರಿಕೊಳ್ಳುತ್ತಿದ್ದರೋ ಏನೋ. ಆದರೆ ಬರುವ ಜೂನ್ ಒಂದಕ್ಕೆ ಅವರಿಗೆ ಅರವತ್ತು ತುಂಬುತ್ತಿತ್ತು. ಅರವತ್ತಾದವರಿಗೆ ಕಂಪನಿಯಲ್ಲಿ ಕೆಲಸವಿಲ್ಲ; ಮ್ಯಾನೇಜರು ಸಹಿ ಹಾಕಿದರೆ ಮಾತ್ರ ಅರವತ್ತೆರಡರವರೆಗೆ ಉಂಟು. ಮದುವೆಯಾಗಿ ಹದಿನಾರು ವರ್ಷದ ಮೇಲೆ ಹುಟ್ಟಿದ ಮಗಳು ಅಕ್ಷರಾ ಇಲ್ಲಿಯ ಶಾಲೆಯಲ್ಲಿ ಹನ್ನೊಂದನೆಯ ತರಗತಿಗೆ ಬಂದಿದ್ದಳು. ತಂದೆಯ ವೀಸಾ ಮುಗಿದರೆ ಮಗಳ ಶಾಲೆಯೂ ನಡುವೆಯೇ ನಿಂತಹಾಗೆ. ಎರಡೇ ಎರಡು ವರ್ಷ ಸಿಕ್ಕಿದರೆ ಸಾಕಿತ್ತು. ಮುಂದುವರಿಸುವವರ ಪಟ್ಟಿ ಅಂದೇ ಮಧ್ಯಾಹ್ನ ಮೂರಕ್ಕೆ ಅಬುಧಾಬಿಯ ಹೆಡ್ ಆಫೀಸಿಗೆ ಹೋಗುವುದಿತ್ತು. ಸಾಹೇಬರನ್ನು ಕೇಳಬೇಕೆಂದು ಹದಿನೈದು ದಿನದಿಂದ ಬಾಯಿ ತೆರೆಯುತ್ತಿದ್ದರು; ತೆರೆದ ಬಾಯಿಂದ ‘ಗುಡ್ ಮಾರ್ನಿಂಗ್ ಸರ್’ ಒಂದೇ ಹೊರಬೀಳುತ್ತಿತ್ತು.

“ಹುಡುಕ್ತೀನಿ ಸರ್” ಎಂದರು ಗುರುಪಾದಪ್ಪನವರು.

ಐರ್ಲೆಂಡಿನವರು ತಮ್ಮ ಹಳೆಯ ಜನಗಣತಿಯ ಹಾಳೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಲೋಕಕ್ಕೆ ತೆರೆದಿಟ್ಟಿದ್ದಾರೆ. ಅರ್ಧ ಗಂಟೆಯೊಳಗೆ 1901ರ ಮೈಕೇಲ ಸಿಕ್ಕಿದ. ರೈತ, ವಯಸ್ಸು ಐವತ್ತೆರಡು, ಹೆಂಡತಿ ಬ್ರಿಜೆಟ್, ಓದು ಬರಹ ಬಾರದು. ಆಮೇಲೆ 1911ರ ಹಾಳೆ ತೆಗೆದರು. ಅದೇ ಹಳ್ಳಿ, ಅದೇ ಮನೆ, ಅದೇ ಬ್ರಿಜೆಟ್. ಮೈಕೇಲನ ವಯಸ್ಸು ಎಪ್ಪತ್ತೆರಡು.

ಗುರುಪಾದಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹತ್ತು ವರ್ಷದಲ್ಲಿ ಮನುಷ್ಯ ಇಪ್ಪತ್ತು ವರ್ಷ ಮುದುಕನಾಗಿದ್ದ. ಮರಣದ ದಾಖಲೆ ಹುಡುಕಿದರು. 1919ರಲ್ಲಿ ತೀರಿಕೊಂಡಾಗ ಎಪ್ಪತ್ತೈದು! ಎಂಟು ವರ್ಷದಲ್ಲಿ ಮೂರೇ ವರ್ಷ. ಒಗೆತಕ್ಕೆ ಹಾಕಿದ ಖಾದಿ ಅಂಗಿಯ ಹಾಗೆ ಈ ಮನುಷ್ಯನ ಆಯುಷ್ಯ ಒಮ್ಮೆ ಜಗ್ಗುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು. ಮದುವೆಯ ದಾಖಲೆಯಾದರೂ ನಿಜ ಹೇಳೀತೆಂದು ತೆಗೆದರೆ, ವಯಸ್ಸಿನ ಕಾಲಮ್ಮಿನಲ್ಲಿ ‘ಪೂರ್ಣ’ ಎಂದಷ್ಟೇ ಬರೆದಿತ್ತು. ಇಪ್ಪತ್ತೊಂದು ದಾಟಿದವರಿಗೆಲ್ಲ ಹಾಗೆ ಬರೆಯುತ್ತಿದ್ದರಂತೆ. ಜನನದ ದಾಖಲೆ ಕೇಳುವಂತೆಯೇ ಇಲ್ಲ. ಅಲ್ಲಿ ಜನನ ಬರೆದಿಡುವ ಪದ್ಧತಿ ಬಂದದ್ದೇ 1864ರಲ್ಲಿ.

1911ರ ಹಾಳೆಯ ಕೊನೆಯಲ್ಲಿ ಇನ್ನೊಂದು ಕಾಲಮ್ಮಿತ್ತು. ಬ್ರಿಜೆಟ್ಟಳಿಗೆ ಹುಟ್ಟಿದ ಮಕ್ಕಳು ಒಂಬತ್ತು, ಬದುಕಿರುವವರು ಐದು. ನಾಲ್ವರ ಹೆಸರು ಎಲ್ಲಿಯೂ ಇರಲಿಲ್ಲ. ಗುರುಪಾದಪ್ಪನವರ ಕೈ ತಾನಾಗಿ ಅಂಗಿಯೊಳಗಿನ ಲಿಂಗವನ್ನು ಮುಟ್ಟಿತು. “ಶಿವ ಶಿವಾ” ಎಂದರು. ಅಲ್ಲಿಂದ ಮುಂದೆ ಆ ಮನೆಯವರು ಅವರಿಗೆ ಬೇರೆಯವರಾಗಿ ಕಾಣಲಿಲ್ಲ. ತಮ್ಮ ಎರಡು ವರ್ಷ ಸಿಕ್ಕೀತೋ ಇಲ್ಲವೋ ಎಂಬ ಚಿಂತೆಯನ್ನೂ ಮರೆತು ಹುಡುಕತೊಡಗಿದರು.

ಅಷ್ಟರಲ್ಲಿ ಕಂಪನಿಯ ವೀಸಾ ಕೆಲಸ ನೋಡುವ ಉಳ್ಳಾಲದ ಅನ್ಸಾರ್, ಮುಹೈಸ್ನಾದ ಕೆಲಸಗಾರರ ಕ್ಯಾಂಪಿನಿಂದ ಕಾಗದದ ಕಂತೆ ಹೊತ್ತುಕೊಂಡು ಬಂದ.

“ಎಂತ ಗುರುಪಾದಣ್ಣ, ಯಾರ ಸಂಬಂಧ ಹುಡುಕುವುದು?”

“ಸಾಹೇಬ್ರ ಮುತ್ತಜ್ಜನ್ನ ಹುಡುಕಾಕತ್ತೀನಿ. ಹತ್ತು ವರ್ಸದಾಗ ಇಪ್ಪತ್ತು ವರ್ಸ ಬೆಳದಾನ ನೋಡಪಾ.”

“ಹಾಗೆ ಬೆಳೆಯಲಿಕ್ಕೆ ಅವನೆಂತ ಹಲಸಿನ ಹಣ್ಣಾ? ಬೇರೆ ಯಾರೋ ಇರಬೇಕು ಮಾರಾಯ್ರೆ.”

ಗುರುಪಾದಪ್ಪನವರ ಕಣ್ಣು ಒಮ್ಮೆಲೇ ಅರಳಿತು. “ತಡಿ ತಡಿ. ನಮ್ಮೂರಾಗ ವೃದ್ಧಾಪ್ಯ ವೇತನ ಬಂದಾಗ ಏನಾತು? ಒಂದ ವಾರದಾಗ ಅರ್ಧ ಊರು ಮುದುಕಾತು! ನಿನ್ನೆ ಕುಸ್ತಿ ಆಡಿದಾವ ಇವತ್ತು ಕೋಲು ಹಿಡಕೊಂಡು ಬಂದಿದ್ದ!”

ಹುಡುಕಿ ನೋಡಿದರೆ ಹಾಗೆಯೇ ಇತ್ತು. 1909ರಲ್ಲಿ ಅಲ್ಲಿಯೂ ಎಪ್ಪತ್ತು ತುಂಬಿದವರಿಗೆ ಸರಕಾರದ ವೇತನ ಶುರುವಾಗಿತ್ತು. ಗುರುಪಾದಪ್ಪನವರಂತೆ ಹುನಗುಂದ ತಾಲೂಕಿನಲ್ಲಿ ಹುಟ್ಟಿದವನಲ್ಲದೆ ಈ ಗಂಟನ್ನು ಬೇರೆ ಯಾರು ಬಿಡಿಸಬೇಕು?

ಆಚೆ ಮೇಜಿನಿಂದ ಸಿಬ್ಬಂದಿ ವಿಭಾಗದ ಜೆಸ್ಸಿ ಎದ್ದು ಬಂದಳು. ಮಂಗಳೂರಿನವಳು, ಬೇರೆಯವರ ಮೇಜಿನ ಮಾತು ಅವಳ ಕಿವಿಗೆ ತನ್ನ ಮೇಜಿನದಕ್ಕಿಂತ ಬೇಗ ಬೀಳುತ್ತಿತ್ತು.

“ಅಂಕಲ್, ಅವರು ಕೆಥೊಲಿಕರಲ್ವಾ? ಸರಕಾರದ ಬುಕ್ ಬಿಡಿ, ಇಗರ್ಜಿಯ ಬುಕ್ ನೋಡಿ. ಬಾಪ್ತಿಸ್ಮ ಕೊಟ್ಟ ದಿನವೇ ಪಾದ್ರಿಗಳು ಬರೆದಿಡ್ತಾರೆ. ಅವರಿಗೆ ಸುಳ್ಳು ಬರೆದು ಎಂತ ಆಗ್ಲಿಕ್ಕುಂಟು?”

ಇಗರ್ಜಿಯ ಪುಸ್ತಕವೂ ಕಂಪ್ಯೂಟರಿನಲ್ಲೇ ಸಿಕ್ಕಿತು. ಮಸಿ ಹರಡಿದ ಲ್ಯಾಟಿನ್ ಅಕ್ಷರದ ನಡುವೆ, 1846ರ ಮಾರ್ಚ್ ತಿಂಗಳ ಸಾಲಿನಲ್ಲಿ, ಪುಟ್ಟ ಮೈಕೇಲ ಮಲಗಿದ್ದ.

ಕೀನನ್ ಸಾಹೇಬರು ಆ ಪುಟವನ್ನು ನೋಡಿ, ವರ್ಷವನ್ನು ಆಗಲೇ ಕಲ್ಲುಕುಟಿಗನಿಗೆ ಬರೆದು ಕಳಿಸಿದರು. ಆಮೇಲೆ ವೇತನದ ಕತೆ ಕೇಳಿ ಗೋಡೆಯ ಗಡಿಯಾರ ಅಲುಗುವಂತೆ ನಕ್ಕರು. “ಅಂದರೆ ಸರಕಾರಿ ಕಾಗದವೂ ಸುಳ್ಳು ಹೇಳುತ್ತದೆ!”

ದೇವರೇ ಬಾಗಿಲು ತೆರೆದಂತಾಯಿತು ಗುರುಪಾದಪ್ಪನವರಿಗೆ. “ನನ್ನ ಕಾಗದಾನೂ ಸುಳ್ಳೇ ಸರ್. ನಮ್ಮ ಕಡೆ ಹೆಡ್ ಮಾಸ್ತರು ಎಲ್ಲಾ ಹುಡುಗರಿಗೂ ಜೂನ್ ಒಂದೇ ಬರೀತಿದ್ರು. ಬಲಗೈ ತಲೆ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿದರೆ ಆರು ವರ್ಷ ಅಂತ ಲೆಕ್ಕ. ನಿನಗೆ ಎರಡು ವರ್ಷ ಹೆಚ್ಚಿಗೆ ಬರೆಸೀನಿ ಅಂತ ನಮ್ಮಪ್ಪ ಸಾಯೋತನಕ ಹೇಳ್ತಿದ್ರು.”

“ಅದ್ಭುತ!” ಎಂದರು ಸಾಹೇಬರು. “ಹಾಗಾದರೆ ನಿಮ್ಮದನ್ನೂ ಹುಡುಕಿ. ಪುಟ ಸಿಕ್ಕಿದರೆ ನನಗೆ ತೋರಿಸಿ.”

ಸಾಹೇಬರು ಹೇಳಿದ್ದು ಇಷ್ಟೇ. ಗುರುಪಾದಪ್ಪನವರಿಗೆ ಕೇಳಿಸಿದ್ದು, ಪುಟ ಸಿಕ್ಕಿದರೆ ಎರಡು ವರ್ಷ ಸಿಕ್ಕಿತು ಎಂದು.

ಗಂಟೆ ಹನ್ನೆರಡೂವರೆ. ಊರಿಗೆ ಫೋನು ಹಚ್ಚಿದರು. ಎತ್ತಿದವಳು ಅಕ್ಕ ಚನ್ನಬಸವ್ವ.

“ಅಕ್ಕಾ, ಕೂಸು ಹುಟ್ಟಿದಾಗ ಸ್ವಾಮಿಗಳು ಬಂದು ಲಿಂಗ ಕಟ್ತಾರಲ್ಲ, ಅದನ್ನ ಮಠದಾಗ ಬರದಿಡತಿದ್ರಲ್ಲ? ಆ ಪುಸ್ತಕ ಐತೇನು?”

“ಐತಿ ಬಿಡೋ ತಮ್ಮಾ. ಅದನ್ನ ಯಾವ ಇಲಿ ತಿಂತೈತಿ? ಯಾಕ, ಮತ್ತ ಲಿಂಗ ಕಟ್ಟಿಸ್ಕೊಳ್ಳಾವೇನು ನೀ?”

“ನಾ ಹುಟ್ಟಿದ ಸಾಲಿಂದು ಫೋಟೋ ಬೇಕವ್ವಾ. ಲಗೂನ, ಮೂರರೊಳಗ.”

ಅಕ್ಕನ ಮಗ ಪ್ರೀತಮ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಫೋಟೋವನ್ನು ಅವನು ಕಳಿಸಲಿ ಎಂದಾಯಿತು. ಇಲ್ಲಿ ಗುರುಪಾದಪ್ಪನವರು ಇಪ್ಪತ್ತಾರು ವರ್ಷದ ವೃತ್ತಿಯ ಅಭ್ಯಾಸ ಬಿಡಲಿಲ್ಲ. ಸ್ವಂತ ಫೋನಿಗೆ ಬಂದ ಕಾಗದ ಕಾಗದವೇ ಅಲ್ಲ ಎಂಬುದು ಅವರ ಮತ. ಹಾಗಾಗಿ ಕಂಪನಿಯ ದಾಖಲೆ ವಿಭಾಗದ ಈಮೇಲ್ ವಿಳಾಸ ಕೊಟ್ಟರು. ಆ ವಿಳಾಸಕ್ಕೆ ಬಂದ ಯಾವುದೇ ಕಾಗದಕ್ಕೆ ಯಂತ್ರ ತಾನೇ ನಂಬರು ಹಾಕಿ, ಮ್ಯಾನೇಜರಿಗೂ ಅಬುಧಾಬಿಗೂ ಒಂದೊಂದು ಪ್ರತಿ ಕಳಿಸುವ ವ್ಯವಸ್ಥೆಯನ್ನು ಮಾಡಿಸಿದವರೂ ಅವರೇ.

ಊಟದ ಡಬ್ಬಿಯನ್ನು ಬಿಚ್ಚಲೇ ಇಲ್ಲ. ಅನ್ಸಾರ್ ಕೆಳಗಿನ ಹೋಟೆಲಿನಿಂದ ಚಹ ತರಿಸಿದ. ಜೆಸ್ಸಿ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡು ಬಂದಳು. ಎರಡೂ ಮುಕ್ಕಾಲಿಗೆ ಕಂಪ್ಯೂಟರ್ ‘ಟಿಂಗ್’ ಎಂದಿತು. ಮೂವರ ತಲೆಗಳೂ ಒಂದೇ ಪರದೆಯತ್ತ ಬಾಗಿದವು.

ಹಳದಿಗಟ್ಟಿದ ಪುಟ, ಸುರುಳಿ ಸುತ್ತಿದ ಮೋಡಿ ಬರಹವಲ್ಲ, ಸ್ವಚ್ಛ ಅಕ್ಷರ. ತಂದೆಯ ಹೆಸರಿತ್ತು, ‘ಗಂಡು ಕೂಸು, ಗುರುಪಾದ’ ಎಂದಿತ್ತು. ಅದರ ಮುಂದೆ: ಶುಭಕೃತ್ ಸಂವತ್ಸರ, ಕಾರ್ತಿಕ ಮಾಸ.

ಗುರುಪಾದಪ್ಪನವರು ಬೆರಳು ಮಡಿಸಿ ಸಂವತ್ಸರ ಎಣಿಸತೊಡಗಿದರು. ಎಣಿಸಿದಷ್ಟೂ ಮುಖ ಸಪ್ಪಗಾಯಿತು. ಅವರ ಎಣಿಕೆ ಮುಗಿಯುವುದಕ್ಕೆ ಮುಂಚೆ ಜೆಸ್ಸಿ ತನ್ನ ಫೋನಿನಲ್ಲಿ ಹುಡುಕಿಯಾಗಿತ್ತು.

“ಅಂಕಲ್, ಶುಭಕೃತ್ ಎರಡು ಸಲ ಬಂದಿದೆ. ಒಂದು 1962, ಇನ್ನೊಂದು 2022.” ಅವಳು ಅವರ ನೆರೆತ ತಲೆಯನ್ನು ನೋಡಿ ಮೆಲ್ಲಗೆ ಹೇಳಿದಳು: “2022 ಅಲ್ಲ ಅಂತ ಕಾಣ್ತದೆ.”

“ಅಂದ್ರೆ ನಿಮಗೆ ಅರವತ್ತೆರಡೂವರೆ!” ಎಂದ ಅನ್ಸಾರ್. “ಹೋಗ್ಲಿ ಬಿಡಿ ಗುರುಪಾದಣ್ಣ. ಅಬುಧಾಬಿಯಲ್ಲಿ ಈ ಸಂವತ್ಸರ ಯಾರಿಗೆ ಗೊತ್ತುಂಟು? ಹೇಳದಿದ್ರೆ ಖಲಾಸ್.”

ಆ ಕ್ಷಣಕ್ಕೆ ಗುರುಪಾದಪ್ಪನವರ ಮನಸ್ಸೂ ಅತ್ತ ವಾಲಿತೆಂಬುದನ್ನು ಮುಚ್ಚಿಡಬಾರದು. ಆದರೆ ಸ್ವಾಮಿಗಳ ಕೈಯಕ್ಷರ ಕಣ್ಣೆದುರಿಗಿತ್ತು. ಅದಕ್ಕಿಂತ ಹೆಚ್ಚಾಗಿ, ಅದರ ಕೆಳಗೆ ಗಣಿತದ ಮೇಷ್ಟರು ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಯಾರಿಗೂ ತೊಂದರೆಯಾಗದಿರಲೆಂದು, ‘ಅಂದರೆ ನವೆಂಬರ್ 1962’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ.

ಮತ್ತೆ ಅಕ್ಕನಿಗೆ ಫೋನು ಮಾಡಿದರು. “ಅಪ್ಪ ಎರಡು ವರ್ಸ ಹೆಚ್ಚಿಗಿ ಬರಿಸೀನಿ ಅಂತಿದ್ನಲ್ಲವ್ವಾ!”

“ಊರಾಗ ಎಲ್ಲಾರೂ ಹಂಗ ಅಂತಿದ್ರು, ಅವನೂ ಅಂದ. ನೀ ಗಿಡ್ಡ ಇದ್ದೆಪ್ಪಾ. ಕೈ ಕಿವಿಗೆ ಮುಟ್ಟಲಿಲ್ಲ. ಎರಡು ವರ್ಸ ಸಾಲಿ ಬಾಗಲಿಂದ ವಾಪಸ್ ಕಳಿಸಿದ್ರು. ಮೂರನೇ ವರ್ಸ ಮಾಸ್ತರಗೇ ಕರುಣಾ ಬಂದು ಆರು ಅಂತ ಬರಕೊಂಡ. ನಿನಗ ಬ್ಯಾಸರ ಆಕ್ಕೈತಂತ ಅಪ್ಪ ಹೇಳಿರಲಿಲ್ಲ.”

ಜೆಸ್ಸಿ ಕಣ್ಣೊರೆಸಿಕೊಂಡಳು. “ಅಯ್ಯೋ ಅಂಕಲ್, ನಿಮಗೆ ಇದೆಲ್ಲ ಎಂತಕ್ಕೆ ಬೇಕಿತ್ತು? ಸಾಹೇಬರು ನಿಮ್ಮ ಎರಡು ವರ್ಷಕ್ಕೆ ನಿನ್ನೆಯೇ ಸೈನ್ ಮಾಡಿದ್ದಾರೆ. ಅವರೇ ಹೇಳ್ತಾರಂತೆ, ನೀನು ಹೇಳ್ಬೇಡ ಅಂದಿದ್ರು.”

ಗುರುಪಾದಪ್ಪನವರು ಗಡಿಯಾರ ನೋಡಿದರು; ಪಟ್ಟಿ ಮೂರಕ್ಕೇ ಹೋಗಿಯಾಗಿತ್ತು. ನಾಲ್ಕರ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಕೀನನ್ ಸಾಹೇಬರು ಬಂದರು. ಮುಖದಲ್ಲಿ ಅರ್ಧ ಉತ್ಸಾಹ, ಅರ್ಧ ಸಂಕಟ. ಕೈಯಲ್ಲಿ ಅಬುಧಾಬಿಯಿಂದ ಆಗಷ್ಟೇ ಬಂದ ಕಾಗದ.

“ಗುರು, ಎಂಥ ಸುಂದರವಾದ ಪುಟ! ಆದರೆ ಹೆಡ್ ಆಫೀಸಿನವರೂ ನೋಡಿಬಿಟ್ಟಿದ್ದಾರೆ. ನಿಮ್ಮ ಎರಡು ವರ್ಷವನ್ನು ತಡೆಹಿಡಿದಿದ್ದಾರೆ. ಪಾಸ್‌ಪೋರ್ಟಿನಲ್ಲಿ ನಿಜವಾದ ತಾರೀಖು ಹಾಕಿಸಿಕೊಂಡು ಬಂದರೆ ಪರಿಶೀಲಿಸುತ್ತಾರಂತೆ.”

“ನಿಜವಾದದ್ದು ಹಾಕಿಸಿದ್ರೆ ಅರವತ್ತೆರಡು ದಾಟ್ತದಲ್ಲ ಸರ್?”

“ಅದನ್ನೂ ಬರೆದಿದ್ದಾರೆ. ದಾಟಿದರೆ ಆಗುವುದಿಲ್ಲವಂತೆ.” ಸಾಹೇಬರು ತಲೆ ಕೆರೆದುಕೊಂಡರು. “ಇನ್ನೊಂದು ಇದೆ. ಕಂಪನಿಯಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಮೂವತ್ತೊಂದು ಜನ ಇದ್ದಾರಂತೆ. ಎಲ್ಲರ ನಿಜವಾದ ವಯಸ್ಸು ಹುಡುಕಬೇಕಂತೆ. ಹಳೆಯ ದಾಖಲೆ ಓದುವುದರಲ್ಲಿ ನಿಮ್ಮಷ್ಟು ಜಾಣರು ಯಾರೂ ಇಲ್ಲ ಎಂದು ನಾನೇ ಬೆಳಿಗ್ಗೆ ಹೊಗಳಿ ಬರೆದಿದ್ದೆ. ಈ ತಿಂಗಳೊಳಗೆ ನೀವೇ ಮುಗಿಸಿಕೊಡಬೇಕಂತೆ.”

ಸಾಹೇಬರು ಆ ಮೂವತ್ತೊಂದು ಜನರ ಪಟ್ಟಿಯನ್ನೂ ತನಿಖೆಯ ನಮೂನೆಗಳನ್ನೂ ಮೇಜಿನ ಮೇಲಿಟ್ಟು ಹೋದ ಮೇಲೆ ಅನ್ಸಾರ್ ಪಟ್ಟಿಯ ಮೇಲೆ ಬಗ್ಗಿದ. ನಾಲ್ಕನೆಯ ಹೆಸರಿನ ಹತ್ತಿರ ಅವನ ಬೆರಳು ನಿಂತಿತು. “ಗುರುಪಾದಣ್ಣ,” ಎಂದ, ಎಂದೂ ಇಲ್ಲದ ವಿನಯದಿಂದ, “ನನ್ನನ್ನು ಹೆತ್ತ ಉಮ್ಮನಿಗೆ ಮಾತ್ರ ಫೋನ್ ಮಾಡಬೇಡಿ, ಆಯ್ತಾ?”

ಹೆಡ್ ಆಫೀಸಿನವರು ಪಟ್ಟಿಯನ್ನು ಹಳೆಯ ಸಿಬ್ಬಂದಿಯಿಂದ ಶುರುಮಾಡಿದ್ದರು. ಗುರುಪಾದಪ್ಪನವರು ಮೊದಲ ನಮೂನೆಯನ್ನು ಮುಂದೆಳೆದುಕೊಂಡರು. ಅದರಲ್ಲಿ ಎರಡು ಖಾಲಿ ಜಾಗಗಳಿದ್ದವು: ಮೇಲೆ ‘ವಯಸ್ಸು ಸಂಶಯಾಸ್ಪದವಾದ ನೌಕರ’, ಕೆಳಗೆ ‘ತನಿಖೆ ಮಾಡಿದವರು’. ಅವರು ಪೆನ್ನಿನ ಮುಚ್ಚಳ ತೆಗೆದು, ಎರಡೂ ಕಡೆ ಒಂದೇ ಹೆಸರನ್ನು ದುಂಡಗೆ ಬರೆದರು.