ಸಣ್ಣಮುಳ್ಳಿನ ಸಮಜಾಯಿಷಿ

ಸುಳ್ಳು ಬರೆಯುವವನ ಕಷ್ಟ ನಿಜ ಬರೆಯುವವನಿಗೆ ತಿಳಿಯುವುದಿಲ್ಲ. ನಿಜ ಬರೆದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಶುದ್ಧ ಸುಳ್ಳು ಬರೆದು ನೋಡಿ, ಊರಿನವರೆಲ್ಲ ರುಜುವಾತು ಕೇಳಲು ಬರುತ್ತಾರೆ. ಯುದ್ಧದ ದಿನಗಳಲ್ಲಿ ಕೋಲಾರದಲ್ಲಿ ನನಗಾದದ್ದು ಇದು.

ನಾನಾಗ ಸರ್ಕಾರಿ ಶಾಲೆಯಲ್ಲಿ ಸೈನ್ಸ್ ಮೇಷ್ಟ್ರು. ಸರ್ಕಾರದ ಸಂಬಳದವರು ಅಪ್ಪಣೆಯಿಲ್ಲದೆ ಪತ್ರಿಕೆಗೆ ಬರೆಯಕೂಡದು. ಗೊತ್ತಾದರೆ ಕೆಲಸ ಹೋಗುತ್ತದೆ. ಇದು ತಿಳಿದೂ ಊರಿನ ಒಂದು ಸಣ್ಣ ವಾರಪತ್ರಿಕೆಗೆ ‘ಸಣ್ಣಮುಳ್ಳು’ ಎಂಬ ಹೆಸರಿನಲ್ಲಿ ಕಥೆಯೊಂದನ್ನು ಕಂತುಕಂತಾಗಿ ಬರೆಯುತ್ತಿದ್ದೆ. ಗುಟ್ಟು ತಿಳಿದಿದ್ದವರು ಮನೆಯವರನ್ನು ಬಿಟ್ಟರೆ ಇಬ್ಬರೇ: ಪ್ರೆಸ್ಸಿನ ಯಜಮಾನರು ಮತ್ತು ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಸಾಬರು.

೧. ಇಡ್ಲಿ

ಪೆಟ್ರೋಲು ಸಿಗದ ಕಾಲ ಅದು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನನ್ನ ಕಥೆಯಲ್ಲಿ ಕೋಲಾರದ ಮೆಕ್ಯಾನಿಕ್ ಒಬ್ಬ ಅಂಥ ಬಸ್ಸೊಂದಕ್ಕೆ ಚಕ್ರವೊಂದನ್ನು ಕೂಡಿಸಿ ಅದು ನಿನ್ನೆಗೆ ಹೋಗುವಂತೆ ಮಾಡುತ್ತಾನೆ. ಕಂಡಕ್ಟರು ‘ನಿನ್ನೆಗೋ, ಮೊನ್ನೆಗೋ?’ ಎಂದು ಕೇಳಿ ಟಿಕೆಟ್ ಹರಿಯುತ್ತಾನೆ. ಚಕ್ರ ಬರುವುದು ನಾಲ್ಕನೆಯ ಕಂತಿನಲ್ಲಿ. ಮೂರನೆಯದರಲ್ಲಿ ಅದಿನ್ನೂ ಎಲ್ಲ ಬಸ್ಸಿನಂಥ ಬಸ್ಸು.

ನಾಲ್ಕನೆಯ ಕಂತು ಬಂದ ಮಾರನೆಯ ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಹೋಟೆಲಿನ ಭಟ್ಟರು ಮೂರನೆಯ ಕಂತಿನ ಪತ್ರಿಕೆ ಹಿಡಿದು ನನ್ನ ಎದುರಿಗೆ ಬಂದು ಕೂತರು.

“ಮೇಷ್ಟ್ರೇ, ನೀವು ಸೈನ್ಸ್ ಓದಿದವರು, ಇದಕ್ಕೊಂದು ಉತ್ತರ ಹೇಳಿ. ಮೆಕ್ಯಾನಿಕ್ಕು ಮುಳಬಾಗಿಲಲ್ಲಿ ಎಂಟು ಗಂಟೆಗೆ ಇಡ್ಲಿ ತಿಂದು ಬಸ್ಸು ಹತ್ತಿದ. ಸರಿಯೇ? ಅದೇ ದಿವಸ ಬೆಳಿಗ್ಗೆ ಕೋಲಾರದಲ್ಲಿ ಇಳಿದು ಮನೆ ಸೇರಿದಾಗ ಗಡಿಯಾರದಲ್ಲಿ ಏಳೂವರೆ. ಇದು ಹೇಗೆ?”

ಲೋಟ ಕೆಳಗಿಟ್ಟು ಪತ್ರಿಕೆ ತೆಗೆದುಕೊಂಡು ನೋಡಿದೆ, ಹಾಗೇ ಇತ್ತು. ಅದನ್ನು ಬರೆದವನು ನಾನು, ಪ್ರೂಫ್ ನೋಡಿದವನೂ ನಾನು. ಕಣ್ಣಿಗೆ ಬಿದ್ದಿರಲಿಲ್ಲ.

“ಬರೆದವನು ಕೈತಪ್ಪಿ ಬರೆದಿರಬೇಕು” ಎಂದೆ.

“ಕೈತಪ್ಪಿ ಅಂದ್ರೆ? ನನ್ನ ಗಿರಾಕಿಗಳು ಬೆಳಿಗ್ಗೆಯಿಂದ ಇದೇ ಜಗಳ. ತಿಂದ ಇಡ್ಲಿ ಹೊಟ್ಟೇಲಿ ಇತ್ತೋ ಇಲ್ಲವೋ ಅಂತ.”

“ಮುಂದಿನ ಕಂತಿನಲ್ಲಿ ಬಸ್ಸು ನಿನ್ನೆಗೇ ಹೋಗುತ್ತಲ್ಲ ಭಟ್ಟರೇ, ಅದನ್ನು ನಂಬ್ತೀರಾ?”

“ಅದಕ್ಕೇನಂತೆ, ಚಕ್ರ ಇದೆ, ಹೋಗುತ್ತೆ. ಮುಳಬಾಗಿಲು ಬಸ್ಸು ಕೋಲಾರಕ್ಕೆ ಬೇಗ ಬಂತು ಅಂದ್ರೆ ಮಾತ್ರ, ಹೇಗೆ ಸ್ವಾಮಿ ನಂಬೋದು?”

೨. ಸರ್ಟಿಫಿಕೇಟು

ಅದೇ ವಾರ ಮುಳಬಾಗಿಲು–ಕೋಲಾರ ಬಸ್ಸಿನ ಡ್ರೈವರು ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾದಿದ್ದ. ನಂಗಲಿಯವನು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೈಯಲ್ಲಿ ಅದೇ ಪತ್ರಿಕೆ.

“ನಮಸ್ಕಾರಂ ಸಾರ್. ಆ ಸಣ್ಣಮುಳ್ಳು ಅನ್ನೋನು ಯಾರೋ ನನ್ನ ಅನ್ನಕ್ಕೆ ಮಣ್ಣು ಹಾಕಿಬಿಟ್ಟ ಸಾರ್.”

“ಏನಾಯ್ತಪ್ಪ?”

“ನಾನು ಹತ್ತೊಂಬತ್ತು ವರ್ಷದಿಂದ ಇದೇ ರೋಡ್ನಾಗೆ ಬಂಡಿ ಓಡಿಸ್ತಾ ಇವ್ನಿ. ಇದ್ದಿಲು ಹತ್ತಿಸಕ್ಕೇ ಅರ್ಧ ಗಂಟೆ ಬೇಕು. ಏರು ಬಂದ್ರೆ ಜನ ಇಳಿದು ತಳ್ಳಬೇಕು. ನಿನ್ನೆ ನಮ್ಮ ಓನರು ಈ ಪೇಪರ್ ಮುಖಕ್ಕೆ ಹಿಡಿದ್ರು. ‘ನೋಡ್ಲಾ, ಇವನು ಹೊರಡೋಕೆ ಮುಂಚೇನೇ ತಲುಪ್ತಾನೆ, ನಿಂಗೆ ಮೂರು ಗಂಟೆ ಬೇಕು’ ಅಂತ. ಇದೇಂ ನ್ಯಾಯಂ ಸಾರ್?”

“ಅದು ಕಥೆ ಅಂತ ಹೇಳಬೇಕಾಗಿತ್ತು.”

“ಹೇಳ್ದೆ. ‘ಅಚ್ಚಾಗಿದೆಯಲ್ಲ’ ಅಂದ್ರು. ತಿಂಗಳೊಳಗೆ ಅರ್ಧ ಗಂಟೆಯಾದ್ರೂ ಕಮ್ಮಿ ಮಾಡಿಲ್ಲಾಂದ್ರೆ ಬೇರೆ ಡ್ರೈವರನ್ನು ಇಡ್ತಾರಂತೆ. ನೀವು ಸೈನ್ಸ್ ಮೇಷ್ಟ್ರು. ಇಂಗೆ ಆಗಲ್ಲ ಅಂತ ಒಂದು ಸರ್ಟಿಫಿಕೇಟು ಬರ್ಕೊಡಿ.”

ಅವನ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ‘ಯಾವುದೇ ವಾಹನವು ತಾನು ಹೊರಡುವುದಕ್ಕಿಂತ ಮುಂಚೆ ತಲುಪುವುದು ವಿಜ್ಞಾನಕ್ಕೆ ವಿರುದ್ಧ. ಹಾಗೆ ಬರೆದವರು ತಿಳುವಳಿಕೆ ಸಾಲದವರು’ ಎಂದು ಬರೆದು, ನನ್ನ ಹೆಸರು, ಹುದ್ದೆ ಹಾಕಿ ರುಜು ಮಾಡಿದೆ.

ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. “ಇನ್ನೂ ಸ್ವಲ್ಪ ಬೈದು ಬರೀಬಹುದಿತ್ತು ಸಾರ್” ಎಂದ.

೩. ಅಮ್ಮನ ಗಡಿಯಾರ

ತಪ್ಪು ಹೇಗಾಯಿತೆಂದು ಮೂರು ದಿನ ತಲೆ ಕೆಡಿಸಿಕೊಂಡೆ. ನಾಲ್ಕನೆಯ ದಿನ ಮನೆಯ ಗೋಡೆ ನೋಡಿದಾಗ ಹೊಳೆಯಿತು.

ಯುದ್ಧಕ್ಕಾಗಿ ಸರ್ಕಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಜನ ಅದನ್ನು ಹೊಸ ಟೈಮು ಎನ್ನುತ್ತಿದ್ದರು. ಶಾಲೆ, ಕಚೇರಿ, ಮಾಲೂರಿನ ರೈಲು, ಎಲ್ಲ ಹೊಸ ಟೈಮಿಗೆ ಬಂದಿದ್ದವು. ನಮ್ಮ ಮನೆ ಬಂದಿರಲಿಲ್ಲ. ಆದೇಶ ಬಂದ ದಿನ ನಾನು ಮುಳ್ಳು ತಿರುಗಿಸಲು ಸ್ಟೂಲು ಹತ್ತಿದ್ದೆ. ಅಮ್ಮ ಕೆಳಗಿನಿಂದ ಸ್ಟೂಲು ಹಿಡಿದುಕೊಂಡು ಕೇಳಿದ್ದರು.

“ಇವತ್ತು ರಾಹುಕಾಲ ಎಷ್ಟು ಹೊತ್ತಿಗೆ?”

“ಶುಕ್ರವಾರ, ಹತ್ತೂವರೆಗೆ.”

“ನೀನು ತಿರುಗಿಸಿದ ಮೇಲೆ?”

“ಹನ್ನೊಂದೂವರೆಗೆ ಅಂತ ಲೆಕ್ಕ ಹಾಕ್ಕೋಬೇಕಮ್ಮ.”

“ನಾನು ಯಾಕೆ ಹಾಕ್ಕೊಳ್ಳಲಿ? ಗಡಿಯಾರ ತಿರುಗಿಸಿದ್ದು ಸರ್ಕಾರ. ರಾಹುವಿಗೆ ಹೇಳಿ ಕಳಿಸಿದ್ದಾರಾ? ಇಳಿ ಕೆಳಗೆ.”

ಇಳಿದಿದ್ದೆ. ಅಂದಿನಿಂದ ಮನೆಯಲ್ಲಿ ಹಳೆ ಟೈಮು, ಹೊಸ್ತಿಲು ದಾಟಿದರೆ ಹೊಸದು. ಕಥೆಯಲ್ಲಿ ಗಂಟೆ ಬರೆಯಬೇಕಾದಾಗ ತಲೆಯೆತ್ತಿ ಗೋಡೆ ನೋಡುವುದು ನನ್ನ ಅಭ್ಯಾಸ. ಇಡ್ಲಿ ಬರೆದದ್ದು ಶನಿವಾರ, ಬೆಳಗಿನ ಶಾಲೆಯ ಬಿಡುವಿನಲ್ಲಿ. ಶಾಲೆಯ ಗಡಿಯಾರ ಎಂಟು ತೋರಿಸುತ್ತಿತ್ತು. ಕೋಲಾರಕ್ಕೆ ಬಂದದ್ದನ್ನು ಬರೆದದ್ದು ಭಾನುವಾರ, ಮನೆಯಲ್ಲಿ. ಅಮ್ಮನ ಗಡಿಯಾರ ಏಳೂವರೆ ತೋರಿಸುತ್ತಿತ್ತು.

ಮುಳಬಾಗಿಲಿನ ಹೋಟೆಲಿನಲ್ಲಿ ಹೊಸ ಟೈಮು, ಮೆಕ್ಯಾನಿಕ್ಕಿನ ಮನೆಯಲ್ಲಿ ಹಳೆ ಟೈಮು ಎಂದಿಟ್ಟುಕೊಂಡರೆ ಕಥೆಯಲ್ಲಿ ತಪ್ಪೇ ಇರಲಿಲ್ಲ. ಸಂತೋಷ ತಡೆಯಲಾರದೆ ಅಮ್ಮನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿ, “ಅಂತೂ ಇಡೀ ಕಥೇಲಿ ಸರಿಯಾದ ಗಡಿಯಾರ ಒಂದೇ” ಎಂದರು.

೪. ಬಿನ್ ಗೊತ್ತಿಲ್ಲ

ಸಂತೋಷ ಎರಡು ದಿನ ಉಳಿಯಿತು. ಮೂರನೆಯ ದಿನ ಅಮಲ್ದಾರರ ಕಚೇರಿಯ ಜವಾನ ಪ್ರೆಸ್ಸಿಗೆ ಕಾಗದ ತಂದ. ಬಸ್ಸಿನ ಓನರು ಅರ್ಜಿ ಕೊಟ್ಟಿದ್ದರು. ಪ್ರಯಾಣಿಕರು ಬಸ್ಸು ಹತ್ತಿ ‘ನಿನ್ನೆಗೆ ಎರಡು ಟಿಕೆಟ್ ಕೊಡಿ’ ಎನ್ನುತ್ತಾರೆ, ಈ ಲೇಖಕ ಸರ್ಕಾರದ ಹೊಸ ಟೈಮನ್ನು ಗೇಲಿ ಮಾಡಿದ್ದಾನೆ, ಎಂದು. ಕಾಗದದ ವಿಳಾಸ ಹೀಗಿತ್ತು: ‘ಶ್ರೀ ಸಣ್ಣಮುಳ್ಳು, ಬಿನ್ ಗೊತ್ತಿಲ್ಲ, ಕಸಬು ಗೊತ್ತಿಲ್ಲ.’ ಸದರಿ ಕಥೆಯಲ್ಲಿನ ಕಾಲವ್ಯತ್ಯಾಸದ ಬಗ್ಗೆ ಐದು ದಿನದೊಳಗೆ ಸ್ವಹಸ್ತಾಕ್ಷರದಲ್ಲಿ ಸಮಜಾಯಿಷಿ ಬರೆದು ಕೊಡತಕ್ಕದ್ದು. ತಪ್ಪಿದರೆ ಪತ್ರಿಕೆಯನ್ನು ನಿಲ್ಲಿಸಲಾಗುವುದು.

ಯಜಮಾನರು ಬಾಗಿಲು ಹಾಕಿ ಬಂದರು. “ಕೈತಪ್ಪಾಯ್ತು, ಕ್ಷಮಿಸಬೇಕು ಅಂತ ಎರಡು ಸಾಲು ಬರೆದುಬಿಡಿ ಮೇಷ್ಟ್ರೇ.”

“ಆದರೆ ತಪ್ಪಾಗಿಲ್ಲವಲ್ಲ.”

“ಕೆಲಸ ಹೋದ ಮೇಲೆ ಇದನ್ನು ಯಾರಿಗೆ ಹೇಳ್ತೀರಿ?”

ಅವರ ಮಾತು ಸರಿಯೇ. ಆದರೆ ಕಥೆ ಬರೆಯುವವನ ಹೆಮ್ಮೆ ಕೆಟ್ಟದ್ದು. ಕೆಲಸ ಹೋದರೂ ಚಿಂತೆಯಿಲ್ಲ, ಕಥೆ ತಪ್ಪು ಎನಿಸಿಕೊಳ್ಳಬಾರದು ಎನ್ನುತ್ತದೆ. ಎರಡು ಗಡಿಯಾರಗಳ ವಿಷಯವನ್ನು ಪೂರ್ತಿ ಬರೆಯುವುದೆಂದು ತೀರ್ಮಾನಿಸಿದೆ. ಅಕ್ಷರ ಗುರುತು ಸಿಗಬಾರದೆಂದು ಸಾಬರ ಕೈಗೆ ಪೆನ್ನು ಕೊಟ್ಟೆ.

ಸಾಬರು ಪೆನ್ನನ್ನು ತಿರುಗಿಸಿ ನೋಡಿದರು. “ನಾನು ಕೈಯಲ್ಲಿ ಬರೆದು ಇಪ್ಪತ್ತು ವರ್ಷ ಆಯ್ತು ಮೇಷ್ಟ್ರೇ. ನನಗೆ ಮೊಳೇಲಿರೋ ಹಾಗೆ ಅಕ್ಷರ ಉಲ್ಟಾ ಇದ್ರೇನೇ ಓದಕ್ಕೆ ಬರೋದು. ನಾನು ಬರೆದ್ರೆ ಅಮಲ್ದಾರರು ಕನ್ನಡಿ ತರಿಸಬೇಕು.”

ಕೊನೆಗೆ ನಾನೇ ಬರೆದೆ. ಯಜಮಾನರು, ಲೇಖಕರಿಗೆ ಜ್ವರವೆಂದು ಹೇಳಿ ಕೊಟ್ಟು ಬಂದರು.

ಅದಾದ ಐದನೆಯ ದಿನ ಅದೇ ಜವಾನ ಶಾಲೆಗೆ ಬಂದ. ಈ ಸಲ ವಿಳಾಸದಲ್ಲಿ ನನ್ನ ಹೆಸರು, ತಂದೆಯ ಹೆಸರು, ಕಸಬು, ಎಲ್ಲ ಸರಿಯಾಗಿತ್ತು. ಒಡೆದು ಓದಿದೆ. ‘ಅರ್ಜಿಯೊಂದಿಗೆ ಲಗತ್ತಿಸಿರುವ ತಮ್ಮ ಸರ್ಟಿಫಿಕೇಟನ್ನು ನೋಡಲಾಗಿ, ತಾವು ಈ ವಿಷಯದಲ್ಲಿ ತಜ್ಞರೆಂದು ಕಂಡುಬಂದಿದೆ. ಲೇಖಕನ ಸಮಜಾಯಿಷಿ ಸರಿಯೋ ತಪ್ಪೋ ಎಂದು ಅಭಿಪ್ರಾಯ ಹೇಳಲು ಶುಕ್ರವಾರ ಹನ್ನೊಂದು ಗಂಟೆಗೆ ಖುದ್ದು ಹಾಜರಾಗತಕ್ಕದ್ದು.’

ಡ್ರೈವರು ನನ್ನ ಸರ್ಟಿಫಿಕೇಟನ್ನು ಓನರಿಗೆ ತೋರಿಸಿದ್ದ. ಓನರು ಅದನ್ನೇ ಅರ್ಜಿಗೆ ಅಂಟಿಸಿದ್ದರು. ಹೆಡ್ ಮಾಸ್ಟರು ಕಾಗದ ನೋಡಿ ನನ್ನ ಬೆನ್ನು ತಟ್ಟಿದರು. “ನಮ್ಮ ಶಾಲೆಗೇ ಮರ್ಯಾದೆ. ಆ ಸಣ್ಣಮುಳ್ಳನ್ನು ಬಿಡಬೇಡಿ.”

೫. ಅಕ್ಷರ

ಶುಕ್ರವಾರ ಬೆಳಿಗ್ಗೆ ಅಮಲ್ದಾರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆ. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಒಳಗಿಂದ ಕಾಗದ ಮಗುಚುವ ಸದ್ದು ಮಾತ್ರ. ನನ್ನ ಎರಡು ಕಾಗದ ಒಂದೇ ಕಟ್ಟಿನಲ್ಲಿವೆ, ಅಕ್ಕಪಕ್ಕ ಇಟ್ಟರೆ ಮುಗಿಯಿತು. ಇದೊಂದೇ ಯೋಚನೆ.

ಕರೆದರು. ಅಮಲ್ದಾರರು ಸಣ್ಣ ಆಳು, ಮೆತ್ತಗಿನ ದನಿ. ಗುಮಾಸ್ತರು ಪಕ್ಕದಲ್ಲಿ ಬರೆದುಕೊಳ್ಳಲು ಕೂತಿದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ. ಆ ಸಣ್ಣಮುಳ್ಳಿಗೆ ಜ್ವರವಂತೆ. ನೀವೂ ಬೆವರ್ತಾ ಇದೀರಲ್ಲ.”

“ಬಿಸಿಲು ಸ್ವಾಮಿ.”

“ಅವನ ಸಮಜಾಯಿಷಿ ಓದಿದೆ. ಹೋಟೆಲಲ್ಲಿ ಹೊಸ ಟೈಮು, ಮನೆಯಲ್ಲಿ ಹಳೆ ಟೈಮು. ಆಗಲಿ, ಗಡಿಯಾರ ಸರಿಹೋಯ್ತು. ಆದರೂ ಹದಿನೆಂಟು ಮೈಲಿ ಇದ್ದಿಲ ಬಸ್ಸು ಅರ್ಧ ಗಂಟೇಲಿ ಬಂದ ಹಾಗಾಯ್ತಲ್ಲ. ತಜ್ಞರು ಏನಂತೀರಿ?”

ಆ ಲೆಕ್ಕ ನಾನು ಹಾಕಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. “ದಾರೀಲಿ ಯಾರೂ ಕೈ ಅಡ್ಡ ಹಿಡಿಯಲಿಲ್ಲ ಅಂತ ಕಾಣುತ್ತೆ ಸ್ವಾಮಿ.”

ಗುಮಾಸ್ತರು ಅದನ್ನೂ ಬರೆದುಕೊಂಡರು.

ಅಮಲ್ದಾರರು ಕಟ್ಟಿನಿಂದ ಎರಡು ಕಾಗದ ತೆಗೆದು, ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಅಕ್ಕಪಕ್ಕ ಇಟ್ಟರು. “ಒಂದು ವಿಚಿತ್ರ ನೋಡಿ. ಹೀಗೆ ಆಗೋದೇ ಇಲ್ಲ ಅಂತ ನೀವು ಬರೆದಿದೀರಿ. ಖಂಡಿತ ಆಗುತ್ತೆ ಅಂತ ಅವನು ಬರೆದಿದಾನೆ. ಅಕ್ಷರ ಮಾತ್ರ ಒಂದೇ.”

ಹದಿನೇಳು ವರ್ಷದ ಸರ್ವಿಸು. ಮನೆಯಲ್ಲಿ ಅಮ್ಮ, ಇಬ್ಬರು ಮಕ್ಕಳು.

“ಅವನು... ನನ್ನ ಶಿಷ್ಯ ಸ್ವಾಮಿ. ನಾನೇ ಅಕ್ಷರ ತಿದ್ದಿಸಿದ್ದು.”

“ಹಾಗೋ. ಹುಡುಗನೋ?”

“ಇಲ್ಲ ಸ್ವಾಮಿ. ನಲವತ್ತೆರಡು.”

“ನಿಮಗೆಷ್ಟು?”

ಸರ್ಕಾರಿ ದಾಖಲೆಯಲ್ಲಿರುವುದನ್ನು ಮುಚ್ಚಿಡುವಂತಿರಲಿಲ್ಲ. “ನಲವತ್ತೆರಡು” ಎಂದೆ.

ಗುಮಾಸ್ತರ ಪೆನ್ನು ನಿಂತಿತು. ಅಮಲ್ದಾರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

“ತಡವಾಗಿ ಓದೋಕೆ ಸೇರಿದ ಅಂತ ಕಾಣುತ್ತೆ” ಎಂದರು ಕೊನೆಗೆ. “ಒಳ್ಳೇದೇ. ನಮ್ಮ ಮನೆಯವರು ಶುಕ್ರವಾರ ಬಂದ್ರೆ ಅಡಿಗೆ ಬಿಟ್ಟು ಅವನ ಕಂತು ಓದ್ತಾರೆ. ನಿಲ್ಲಿಸಿದ್ರೆ ನನಗೆ ಮನೇಲಿ ಉತ್ತರ ಹೇಳೋಕಾಗಲ್ಲ. ಬಿಟ್ರೆ ಇಲ್ಲಿ ಅರ್ಜಿ ಇದೆ. ಗುಮಾಸ್ತರೇ, ಬರ್ಕೊಳ್ಳಿ.”

ಆರ್ಡರು ಹೀಗಿತ್ತು: ‘ಸಮಜಾಯಿಷಿಯನ್ನು ಒಪ್ಪಲಾಗಿದೆ. ಆದರೆ ಲೇಖಕನು ತಿಳುವಳಿಕೆ ಸಾಲದವನೆಂದು ಸೈನ್ಸ್ ಮೇಷ್ಟ್ರೇ ಲಿಖಿತವಾಗಿ ತಿಳಿಸಿರುವುದರಿಂದ, ಇನ್ನು ಮುಂದೆ ಪ್ರತಿಯೊಂದು ಕಂತನ್ನೂ ಅಚ್ಚಿಗೆ ಹೋಗುವ ಮೊದಲು ಸದರಿ ಮೇಷ್ಟ್ರು ಓದಿ, ಆಕ್ಷೇಪಣೆ ಇಲ್ಲವೆಂದು ರುಜು ಹಾಕತಕ್ಕದ್ದು. ಇದನ್ನು ಅವರ ಸರ್ಕಾರಿ ಕೆಲಸವೆಂದೇ ಭಾವಿಸತಕ್ಕದ್ದು.’

ಕಥೆ ಮುಗಿಯುವವರೆಗೆ, ಹನ್ನೊಂದು ವಾರ, ನಾನು ಬರೆದದ್ದನ್ನು ನಾನೇ ಓದಿ ರುಜು ಹಾಕಿದೆ. ಒಂದು ಕಂತು ಮಾತ್ರ ತೀರ ಸಪ್ಪೆಯಾಗಿತ್ತು. ಸರ್ಕಾರಿ ಕೆಲಸದಲ್ಲಿ ದಾಕ್ಷಿಣ್ಯ ಸಲ್ಲದೆಂದು ‘ಆಕ್ಷೇಪಣೆ ಇದೆ’ ಎಂದು ಬರೆದು ತಿರಸ್ಕರಿಸಿದೆ. ಲೇಖಕನಿಗೆ ಬಹಳ ಕೋಪ ಬಂತು. ಎರಡು ದಿನ ನನಗೆ ಅನ್ನ ಸೇರಲಿಲ್ಲ.