ರಾಕ್ಷಸಗಣದವರ ಗುಂಪು ಕಟ್ಟಿದ್ದು

ಆ ಭಾನುವಾರ ಬೆಳಗ್ಗೆ ವಿನೋಬನಗರದ ನನ್ನ ಮನೆಯ ಹಾಲಿನಲ್ಲಿ, ಕಂಪ್ಯೂಟರ್ ಮೇಜಿನ ಸುತ್ತ ನಾವು ಐದು ಜನ ಸೇರಿದ್ದೆವು. ಕುರ್ಚಿಯ ಮೇಲೆ ನನ್ನ ಅಕ್ಕನ ಮಗಳು ಸುಧಾ. ಪಕ್ಕದ ಸ್ಟೂಲಿನ ಮೇಲೆ, ಅವಳನ್ನು ಮದುವೆಯಾಗಬಹುದಾದ ಅಥವಾ ಆಗದೆಯೂ ಇರಬಹುದಾದ ಭದ್ರಾವತಿಯ ಹುಡುಗ ಪ್ರಸನ್ನ. ಬಾಗಿಲಲ್ಲಿ, ಇನ್ನೂ ಚಪ್ಪಲಿ ಬಿಡದೆ ನಿಂತಿದ್ದ ಅವನ ಸೋದರತ್ತೆ ಸಾವಿತ್ರಮ್ಮ. ಅಡುಗೆಮನೆಯಿಂದ ಕಾಫಿ ತಟ್ಟೆ ಹಿಡಿದು ಬಂದು, ಪರದೆಯ ಮೇಲೆ ಧಗಧಗನೆ ಉರಿಯುತ್ತಿದ್ದ ಹಳ್ಳಿಯನ್ನು ನೋಡಿ ಅಲ್ಲೇ ಕಂಬವಾದ ನನ್ನ ಅಕ್ಕ. ಐದನೆಯವನು ಈ ಅನಾಹುತಕ್ಕೆಲ್ಲ ಕಾರಣನಾದ ನಾನು.

"ಏನಮ್ಮಾ ಮಾಡ್ತಿದೀಯಾ?" ಎಂದು ಸಾವಿತ್ರಮ್ಮ ಕೇಳಿದರು.

ಕೇಳಿದ್ದು ತನ್ನ ಅಮ್ಮನೇ ಎಂದುಕೊಂಡು ಸುಧಾ ತಿರುಗಿ ನೋಡದೆ, "ಊರಿಗೆ ಬೆಂಕಿ ಹಚ್ತಾ ಇದೀನಿ, ಸ್ವಲ್ಪ ತಡಿ" ಎಂದಳು.

ಇದನ್ನು ಬುಡದಿಂದ ಹೇಳಿದರೇ ಸರಿ. ಸುಧಾ ಹುಟ್ಟಿದ್ದು ಚಿತ್ತಾ ನಕ್ಷತ್ರದಲ್ಲಿ. ಚಿತ್ತಾ ಎಂದರೆ ರಾಕ್ಷಸಗಣ. ವಿಷಯ ನಮಗೆ ಗೊತ್ತಿತ್ತು. ಆದರೆ ಹಳೆಯ ಒನಕೆ ಮೂಲೆಯಲ್ಲಿ ಒರಗಿರುವಂತೆ ಅದೂ ಮನೆಯಲ್ಲಿ ಒರಗಿಕೊಂಡಿತ್ತು, ಯಾರ ಕಾಲಿಗೂ ತೊಡರಿರಲಿಲ್ಲ. ಗಂಡು ಹುಡುಕಲು ಶುರು ಮಾಡಿದ್ದೇ ತಡ, ಬಂದವರೆಲ್ಲ ಎಡವತೊಡಗಿದರು. ದೇವಗಣದ ಹುಡುಗನಿಗೆ ರಾಕ್ಷಸಗಣದ ಹುಡುಗಿಯನ್ನು ತಂದರೆ ಮನೆಯಲ್ಲಿ ಜಗಳ ತಪ್ಪಿದ್ದಲ್ಲ ಎಂದು ನಮ್ಮೂರ ಕೋಟೆ ಬೀದಿಯ ಜೋಯಿಸರು ಹೇಳಿಬಿಡುತ್ತಿದ್ದರು. ಅವರ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ದೇವಗಣ, ಅವರು ಮಾತಿಗೆ ಮಾತು ಬೆಳೆಸಿದರೆ ಹಿಂದಿನ ಬೀದಿಯವರೂ ಟೀವಿ ಆರಿಸಿ ಕೇಳುತ್ತಿದ್ದರು, ಅದು ಬೇರೆ ಮಾತು. ಅಂತೂ ಹುಡುಗಿ ಒಪ್ಪಿಗೆಯಾದ ಮೇಲೂ ಎರಡು ಸಂಬಂಧ ತಪ್ಪಿಹೋದವು. ಭಾವ ತೀರಿಕೊಂಡಿದ್ದರಿಂದ ಈ ಜವಾಬ್ದಾರಿಯೆಲ್ಲ ಸೋದರಮಾವನಾದ ನನ್ನ ಹೆಗಲಿಗೆ ಬಿದ್ದಿತ್ತು. ನಾನೋ ನಲವತ್ತು ದಾಟಿದರೂ ಮದುವೆಯಾಗದವನು. ಮದುವೆಯ ಕೆಲಸದಲ್ಲಿ ನನಗಿದ್ದ ಅನುಭವವೆಂದರೆ ಪಂಕ್ತಿಯಲ್ಲಿ ಉಪ್ಪು ಬಡಿಸಿದ್ದು. ಅದರಲ್ಲೂ ಒಮ್ಮೆ ಒಬ್ಬರಿಗೇ ಎರಡು ಸಲ ಬಡಿಸಿ ಬೈಸಿಕೊಂಡಿದ್ದೆ.

ಅಂಥ ಹೊತ್ತಿನಲ್ಲಿ ಬಂದದ್ದು ಭದ್ರಾವತಿಯ ಸಂಬಂಧ. ಪ್ರಸನ್ನ ಅಲ್ಲಿನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದ್ದು ಸಾವಿತ್ರಮ್ಮ. ಇಬ್ಬರೂ ಕ್ವಾರ್ಟರ್ಸಿನಲ್ಲಿ ಇದ್ದರು. ಅನೂರಾಧಾ ನಕ್ಷತ್ರ, ಅಪ್ಪಟ ದೇವಗಣ. ಅಕ್ಕನ ಮನೆ ಇರುವುದು ದುರ್ಗಿಗುಡಿಯ ಇಕ್ಕಟ್ಟಾದ ಓಣಿಯಲ್ಲಿ. ಅಲ್ಲಿ ಹೊಸಬರು ಯಾರು ಮೆಟ್ಟಿಲು ಹತ್ತಿದರೂ ಎದುರು ಮನೆಯವರಿಗೆ ಅವರ ಗೋತ್ರದ ಸಮೇತ ತಿಳಿದುಹೋಗುತ್ತದೆ. ಹಾಗಾಗಿ ಹೆಣ್ಣು ನೋಡುವ ಶಾಸ್ತ್ರ ನನ್ನ ಮನೆಯಲ್ಲೇ ಆಯಿತು. ಕೇಸರಿಬಾತು ತಿಂದು ಕೈ ತೊಳೆದ ಮೇಲೆ ಸಾವಿತ್ರಮ್ಮ, "ಹುಡುಗಿ ಲಕ್ಷಣವಾಗಿದಾಳೆ. ಗಣದ್ದೊಂದು ಯೋಚನೆ ನೋಡಿ. ನಮ್ಮ ಹುಡುಗ ಬಹಳ ಮೆತ್ತಗೆ, ನುಂಗಿಬಿಟ್ರೆ ಕಷ್ಟ. ಯೋಚನೆ ಮಾಡಿ ಹೇಳ್ತೀವಿ" ಎಂದು ಹೊರಟರು. ಅವರು ಹೋದ ಮೇಲೆ ಅಕ್ಕ ಸುಧಾಳನ್ನು ಕೇಳಿದಳು, "ಹೆಂಗನಿಸ್ತೇ ಹುಡುಗ?" ಸುಧಾ, "ಪರವಾಗಿಲ್ಲ" ಎಂದಳು. ಸುಧಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಉತ್ತರ ಸರಿಯಿದ್ದು ನಡುವೆ ಒಂದು ಹಂತ ಬಿಟ್ಟಿದ್ದರೆ ಅಂಕ ಕೊಡದವಳು. ಅವಳ ಬಾಯಿಂದ ಪರವಾಗಿಲ್ಲ ಎಂಬ ಮಾತು ಯಾವ ಗಂಡಿನ ಬಗ್ಗೆಯೂ ಅದುವರೆಗೆ ಬಂದಿರಲಿಲ್ಲ. ಅಕ್ಕ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಂಬಂಧವೂ ತಪ್ಪಿದರೆ ಹುಡುಗಿ ಇನ್ನೊಬ್ಬರ ಮುಂದೆ ತಟ್ಟೆ ಹಿಡಿದು ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಗಮನಿಸಿದ್ದು ಇನ್ನೊಂದು. ಶಾಸ್ತ್ರ ನಡೆಯುವಷ್ಟು ಹೊತ್ತೂ ಹುಡುಗನ ಒಂದು ಕಣ್ಣು ಸುಧಾಳ ಮೇಲಿದ್ದರೆ ಇನ್ನೊಂದು ನನ್ನ ಕಂಪ್ಯೂಟರಿನ ಪಕ್ಕದಲ್ಲಿದ್ದ ಸೀಡಿ ಡಬ್ಬಿಯ ಮೇಲಿತ್ತು. ಹೊರಡುವಾಗ ಮೆಲ್ಲಗೆ, "ಸರ್, ಈ ಗೇಮ್ ನೀವು ಆಡ್ತೀರಾ?" ಎಂದು ಕೇಳಿದ. ಊರಿನವರಿಗೆ ನಾನು ಕಂಪ್ಯೂಟರ್ ತಂದದ್ದು ಕಚೇರಿಯ ಕೆಲಸಕ್ಕೆಂದು ಹೇಳಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, "ಹೂಂ" ಎಂದೆ. ಅವನ ಮುಖ ಅರಳಿತು. ಸುಧಾಳನ್ನು ನೋಡಿದಾಗ ಅರಳಿದ್ದಕ್ಕಿಂತ ಹೆಚ್ಚೇ ಅರಳಿತೇನೋ ಎಂದು ನನಗೆ ಅನುಮಾನ.

ಈ ಆಟವನ್ನು ಅರಿಯದವರಿಗೆ ಎರಡು ಮಾತು. ಆರು ಜನರ ಒಂದು ಗುಂಪು ಕಟ್ಟಿಕೊಂಡು ಕಾಡು, ಗುಹೆ, ಪಾಳು ಕೋಟೆಗಳನ್ನೆಲ್ಲ ಸುತ್ತುವುದೇ ಆಟ. ಕತ್ತಿ ಹಿಡಿದವನೊಬ್ಬ, ಮಂತ್ರ ಹಾಕುವವನೊಬ್ಬ, ಬೀಗ ಒಡೆಯುವವನೊಬ್ಬ, ಹೀಗೆ. ಸೋಜಿಗವೆಂದರೆ ಆ ಆರು ಜನರಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ಒಂದು ಸ್ವಭಾವವನ್ನು ಬರೆದಿಟ್ಟಿರುತ್ತಾರೆ: ಒಳ್ಳೆಯವನು, ನಡುವಿನವನು, ಕೆಟ್ಟವನು. ಒಳ್ಳೆಯವರನ್ನೂ ಕೆಟ್ಟವರನ್ನೂ ಒಂದೇ ಗುಂಪಿನಲ್ಲಿ ಇಟ್ಟುಕೊಂಡರೆ ದಾರಿಯಲ್ಲೇ ಕಚ್ಚಾಡುತ್ತಾರೆ. ಈ ಆಟ ಮಾಡಿದ ಪರದೇಶದವರು ನಮ್ಮ ಕೋಟೆಯ ಜೋಯಿಸರನ್ನು ಯಾವಾಗ ಕಂಡಿದ್ದರೋ ಕಾಣೆ. ನಾನು ಮೊದಲಿನಿಂದಲೂ ಒಳ್ಳೆಯವರ ಗುಂಪನ್ನೇ ಕಟ್ಟಿಕೊಂಡು ಆಡುತ್ತಿದ್ದೆ. ಕಳೆದುಹೋದ ಕುರಿ ಹುಡುಕಿಕೊಡುವುದು, ಬಾವಿಯೊಳಗಿನ ಭೂತ ಓಡಿಸುವುದು, ಎಲ್ಲರಿಂದ ಆಶೀರ್ವಾದ ಪಡೆಯುವುದು. ಆಫೀಸಿನಲ್ಲಿ ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ ಆದ್ದರಿಂದ ಬೇಸರ ಬಂದಿತ್ತು.

ಮುಂದಿನ ಭಾನುವಾರ ಪ್ರಸನ್ನ ಬಸ್ಸು ಹತ್ತಿ ಬಂದೇಬಿಟ್ಟ. ಅತ್ತೆಗೆ ಏನು ಹೇಳಿ ಬಂದನೋ. ಅಕ್ಕನಿಗೆ ಫೋನು ಮಾಡಿದೆ. "ಒಳ್ಳೇದೇ ಆಯ್ತು ಮಾರಾಯ, ನಿಧಾನಕ್ಕೆ ಮಾತಾಡಿಸಿ ಹುಡುಗನ ಸ್ವಭಾವ ತಿಳ್ಕೋ. ಕುಡಿಯೋದು ಗಿಡಿಯೋದು ಇದೆಯಾ, ಸಿಟ್ಟು ಹೆಂಗೆ, ಎಲ್ಲ ನೋಡು" ಎಂದಳು. ಸ್ವಭಾವ ತಿಳಿಯುವುದಕ್ಕೆ ಸಂದರ್ಭವೂ ತಾನಾಗಿಯೇ ಒದಗಿತು. ಕುಳಿತ ಹತ್ತು ನಿಮಿಷಕ್ಕೆ ಹುಡುಗ, "ಸರ್, ಈ ಸಲ ಕೆಟ್ಟವರ ಗುಂಪು ಕಟ್ಟೋಣ. ಬರೀ ಲೂಟಿ, ಕೊಲೆ. ಯಾರಿಗೂ ಸಹಾಯ ಮಾಡೋದೇ ಬೇಡ" ಎಂದ. ಮೆತ್ತಗಿನ ಹುಡುಗ ಅಂದರಲ್ಲ ಇವನ ಅತ್ತೆ, ಒಳಗೆ ಹೀಗಿದೆಯೋ ಎಂದುಕೊಂಡೆ. ಆದರೂ ತಿಳಿದಷ್ಟೂ ಒಳ್ಳೆಯದೆಂದು ಒಪ್ಪಿಕೊಂಡೆ. ಹೆಣ ಎಬ್ಬಿಸುವ ಬೋಳುತಲೆಯ ಮಂತ್ರವಾದಿ, ವಿಷ ಬೆರೆಸುವ ಹೆಂಗಸು, ಕೊಡಲಿ ಹಿಡಿದ ಕುಳ್ಳ, ಹೀಗೆ ನೋಡಿದರೆ ಬೆಚ್ಚಿಬೀಳುವಂಥ ಆರು ಜನರನ್ನು ಆರಿಸಿ ಹೊರಟೆವು.

ಮೊದಲು ಸಿಕ್ಕಿದ್ದು ಒಂಟಿ ಮುದುಕಿಯ ಮನೆ. ಪೆಟ್ಟಿಗೆಯಲ್ಲಿ ಬೆಳ್ಳಿ ಲೋಟವಿತ್ತು. "ತಗೋ" ಎಂದೆ. ಪ್ರಸನ್ನ ಮೌಸ್ ಮೇಲೆ ಕೈಯಿಟ್ಟು ಯೋಚಿಸಿದ. "ಅಜ್ಜಿ ಒಬ್ಬರೇ ಇದಾರೆ ಸರ್. ಮುಂದಿನ ಮನೇಲಿ ನೋಡೋಣ." ಮುಂದಿನ ಮನೆಯಲ್ಲಿ ಬಾಣಂತಿ ಇದ್ದಳು. ಅದರ ಮುಂದಿನದು ದೇವಸ್ಥಾನ. ದಾರಿಯಲ್ಲಿ ಒಬ್ಬ ದನಗಾಹಿ ಹಸು ಕಳೆದಿದೆ ಎಂದು ಅತ್ತ. "ನಾವು ಹೋಗೋ ದಾರೀಲೇ ಇದೆಯಲ್ಲ ಸರ್, ಹಿಡ್ಕೊಟ್ಟು ಹೋಗೋಣ" ಎಂದ. ಒಬ್ಬ ವರ್ತಕ, ಎರಡು ದಿನದ ಮಟ್ಟಿಗೆ ಎಂದು ನಮ್ಮ ಅತ್ಯುತ್ತಮ ಕತ್ತಿಯನ್ನು ಕೇಳಿದ. ಪ್ರಸನ್ನ ಕೊಟ್ಟ. ವರ್ತಕ ಮತ್ತೆ ಸಿಗಲಿಲ್ಲ. ಒಮ್ಮೆ ಧೈರ್ಯ ಮಾಡಿ ಕಾವಲುಗಾರನೊಬ್ಬನಿಗೆ ಹೊಡೆದೆವು. ಅವನು ಬಿದ್ದ ಕೂಡಲೇ ಪ್ರಸನ್ನ ಮುಖ ಸಪ್ಪಗೆ ಮಾಡಿಕೊಂಡು, "ಹಿಂದಿನದು ಲೋಡ್ ಮಾಡಿ ಸರ್, ಪಾಪ" ಎಂದ. ಮೊದಲೇ ಉಳಿಸಿಟ್ಟಿದ್ದ ಆಟವನ್ನು ನಾನೂ ಲೋಡ್ ಮಾಡಿದೆ, ಕಾವಲುಗಾರ ಮತ್ತೆ ಎದ್ದು ನಿಂತ. ನನಗೂ ಪಾಪ ಅನಿಸಿತ್ತು.

ಹೀಗೆ ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಆ ಆರು ದುಷ್ಟರಿಗೆ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಒಳ್ಳೆಯ ಹೆಸರು ಬಂತೆಂದರೆ, ಅಂಗಡಿಯವರು ಕರೆದು ಕಡಿಮೆ ಬೆಲೆಗೆ ಸಾಮಾನು ಕೊಡತೊಡಗಿದರು. ಕೊನೆಗೊಂದು ದಿನ ನಮ್ಮ ಬೋಳುತಲೆಯ ಮಂತ್ರವಾದಿ ನಡುದಾರಿಯಲ್ಲಿ ನಿಂತ. ಇಂಥ ಸಾಧುಸಂತರ ಜೊತೆ ತಿರುಗುವುದು ತನ್ನ ಮರ್ಯಾದೆಗೆ ಕಡಿಮೆ ಎಂಬರ್ಥದ ಮಾತು ಹೇಳಿ, ನಮ್ಮನ್ನು ಬಿಟ್ಟು ಹೊರಟುಹೋದ. ಆಟದಲ್ಲಿ ಹಾಗೂ ಆಗುತ್ತದೆಂದು ನಮಗೆ ಗೊತ್ತಿರಲಿಲ್ಲ. "ಬೇಜಾರು ಮಾಡ್ಕೊಂಡ ಪಾಪ" ಎಂದ ಪ್ರಸನ್ನ.

ಅಂದು ಅಕ್ಕನಿಗೆ ವರದಿ ಒಪ್ಪಿಸಿದೆ. "ಹುಡುಗ ಬಂಗಾರ ಕಣೇ. ಒಂದು ಮನೆ ದೋಚೋಕೂ ಕೈ ಬರಲ್ಲ." ಅಕ್ಕ, "ಥೂ, ಎಂಥ ಮಾತು ಅಂತ ಆಡ್ತೀಯಾ ಮಾರಾಯ!" ಎಂದು ಫೋನು ಇಟ್ಟಳು.

ಅಷ್ಟರಲ್ಲಿ ಸಾವಿತ್ರಮ್ಮನವರ ಹೇಳಿಕೆ ಬಂತು. ಭಾನುವಾರ ತಾವೂ ಪ್ರಸನ್ನನ ಜೊತೆ ಬರುತ್ತೇವೆ, ಹುಡುಗಿಯನ್ನು ಇನ್ನೊಂದು ಸಲ ನೋಡಿ ಕೊನೆಯ ಮಾತು ಹೇಳುತ್ತೇವೆ, ಅಂತ. ಅಕ್ಕ ಬೆಳಗ್ಗೆಯೇ ಸುಧಾಳನ್ನು ಕರೆದುಕೊಂಡು ಬಂದಳು. ತಗ್ಗಿದ ದನಿಯಲ್ಲಿ ಮಾತಾಡು, ಕೇಳಿದ್ದಕ್ಕಷ್ಟೇ ಉತ್ತರ ಹೇಳು, ಒಟ್ಟಿನಲ್ಲಿ ಗಣ ಕಾಣಿಸದ ಹಾಗಿರು ಎಂದು ಅವಳಿಗೆ ದಾರಿಯುದ್ದಕ್ಕೂ ಪಾಠವಾಗಿತ್ತು. ಬಸ್ಸಿಳಿದ ಸಾವಿತ್ರಮ್ಮ ಹಣ್ಣು ಕೊಳ್ಳಲು ಬಸ್ ನಿಲ್ದಾಣದ ಹತ್ತಿರವೇ ನಿಂತು ಹುಡುಗನನ್ನು ಮುಂದೆ ಕಳಿಸಿದ್ದರು. ಅವನು ಬಂದವನೇ ನನ್ನ ಹತ್ತಿರ ಮಂತ್ರವಾದಿಯ ವಿಷಯ ತೆಗೆದ. ಆಟ ಹಾಕಿಕೊಟ್ಟೆ, ಅವನು ಕುರ್ಚಿಯಲ್ಲಿ ಕೂತ. ಸುಧಾ ಹಿಂದೆ ನಿಂತು ನೋಡುತ್ತಿದ್ದಳು.

"ಕತ್ತಿ ಎಲ್ಲಿ?" ಎಂದಳು.

"ಒಬ್ಬ ವರ್ತಕ ಕೇಳಿದ" ಎಂದ ಪ್ರಸನ್ನ.

"ಕೇಳಿದ್ರೆ ಕೊಡೋದಾ? ಏಳಿ ನೀವು."

ಪ್ರಸನ್ನ ಎದ್ದು ಸ್ಟೂಲಿಗೆ ಹೋದ. ಸುಧಾ ಕುರ್ಚಿ ಎಳೆದುಕೊಂಡು ಕೂತಳು. ಅವಳದು ಅಬ್ಬರವಿಲ್ಲ, ಉತ್ತರಪತ್ರಿಕೆ ತಿದ್ದುವ ಕ್ರಮ. ಒಬ್ಬೊಬ್ಬರ ಮುಂದೆಯೂ ನಿಂತು, "ಇವನಿಂದ ಮುಂದೆ ಏನಾದ್ರೂ ಉಪಯೋಗ ಇದೆಯಾ ಮಾವ?" ಎಂದು ಕೇಳುತ್ತಾಳೆ. ಇಲ್ಲ ಎಂದರೆ "ಸರಿ ಹಾಗಾದ್ರೆ" ಎಂದು ಮುಗಿಸುತ್ತಾಳೆ. ಪಕ್ಕದಿಂದ ಪ್ರಸನ್ನ, "ಪಾಪ ಬಿಡ್ರೀ ಅವನನ್ನ" ಎಂದರೆ, "ಸುಮ್ನಿರಿ ನೀವು" ಎನ್ನುತ್ತಾಳೆ. ಅವನು ಸುಮ್ಮನಾಗುತ್ತಾನೆ, ಮುಖದಲ್ಲಿ ಒಂದು ಬಗೆಯ ನೆಮ್ಮದಿ. ವರ್ತಕ ಅಡಗಿ ಕೂತಿದ್ದ ಹಳ್ಳಿ ಸಿಕ್ಕಿತು. ಹಳ್ಳಿಯವರು ಅವನ ಸುಳಿವು ಹೇಳಲಿಲ್ಲ. ಅವಳು ಬೆಂಕಿ ಹಚ್ಚಿದಳು. ಅದೇ ಹೊತ್ತಿಗೆ ಮೋಸಂಬಿ ಚೀಲ ಹಿಡಿದು ಸಾವಿತ್ರಮ್ಮ ಬಾಗಿಲಿಗೆ ಬಂದು, ಆಗಲೇ ಹೇಳಿದ ಆ ಪ್ರಶ್ನೆ ಕೇಳಿದರು.

ಉತ್ತರ ಕೇಳಿ ಅವರು ಚಪ್ಪಲಿ ಬಿಟ್ಟರು, ಒಳಗೆ ಬಂದರು. ಸುಧಾ ಆಗ ತಿರುಗಿ ನೋಡಿ, ನಾಲಿಗೆ ಕಚ್ಚಿಕೊಂಡು ಎದ್ದು ನಿಂತಳು. ಮುಗಿಯಿತು ಕಥೆ, ಇದೂ ಹೋಯಿತು ಎಂದುಕೊಂಡೆ.

"ಯಾಕಮ್ಮಾ ಬೆಂಕಿ?" ಎಂದರು ಸಾವಿತ್ರಮ್ಮ.

ತಗ್ಗಿದ ದನಿಯ ಪಾಠ ಸುಧಾಗೆ ಮರೆತುಹೋಗಿತ್ತು. "ಇವರ ಕತ್ತಿ ಇಸ್ಕೊಂಡು ಹೋಗಿ ವಾಪಸ್ ಕೊಡದೆ ಕೂತಿದಾನೆ ಒಬ್ಬ. ಇವರು ಕೇಳೋದೂ ಇಲ್ಲ. ಹಿಂಗಾದ್ರೆ ಹೆಂಗೆ?" ಎಂದಳು.

ಸಾವಿತ್ರಮ್ಮ ತಮ್ಮ ಸೋದರಳಿಯನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಅವರು ಮೋಸಂಬಿ ಚೀಲವನ್ನು ನನ್ನ ಕೈಗೆ ಕೊಟ್ಟು, ಸೋಫಾದ ತುದಿಯಲ್ಲಿ ಕೂತರು. "ನಮ್ಮ ಮನೆ ಏಣಿ ಮೂರು ವರ್ಷದಿಂದ ಪಕ್ಕದ ಕ್ವಾರ್ಟರ್ಸಲ್ಲಿದೆ. ಬಲ್ಬು ಹಾಕ್ಬೇಕಾದ್ರೆ ಇವನು ಅವರ ಮನೆಗೆ ಹೋಗಿ, ನಮ್ಮ ಏಣೀನೇ ಕೇಳಿ ಇಸ್ಕೊಂಡು ಬಂದು, ಬಲ್ಬು ಹಾಕಿ, ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟು ಬರ್ತಾನೆ. ಕುಕ್ಕರ್ ಒಬ್ಬರ ಮನೇಲಿ, ಸೈಕಲ್ ಒಬ್ಬರ ಮನೇಲಿ. ನಾನು ಕೇಳೋಣ ಅಂದ್ರೆ ನಂದೂ ದೇವಗಣವೇ, ಅವರ ಮುಖ ನೋಡಿದ್ರೆ ಮಾತೇ ಹೊರಡಲ್ಲ" ಎಂದರು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಕಡೆ ಬಗ್ಗಿದರು. "ನಿಂತ್ಯಾಕೆ? ಕೂತ್ಕೋ. ಆ ಕಣಜದ ಹಿಂದೆ ಒಬ್ಬ ಅಡಗಿದಾನೆ ನೋಡು, ಅವನೇನಾ?"

ಅವನೇ. ಕತ್ತಿ ಸಿಕ್ಕಿತು. ಅಕ್ಕ ತಣ್ಣಗಾದ ಕಾಫಿಯನ್ನು ಮತ್ತೆ ಬಿಸಿ ಮಾಡಲು ಹೋದವಳು ಒಳಗೇ ಸ್ವಲ್ಪ ಹೊತ್ತು ಉಳಿದಳು. ಸಾವಿತ್ರಮ್ಮ ಹೊರಡುವ ಮೊದಲು ಜೋಯಿಸರ ಹತ್ತಿರ ಒಳ್ಳೆಯ ಮುಹೂರ್ತ ಕೇಳಿಸಿ ಎಂದು ನನಗೆ ಹೇಳಿದರು. "ಗಣದ್ದು?" ಎಂದು ನಾನು ತಡವರಿಸಿದೆ. "ಅದಕ್ಕೇ" ಎಂದರು.

ಮದುವೆ ಚೆನ್ನಾಗಿ ಆಯಿತು. ನಾನು ಈ ಸಲವೂ ಉಪ್ಪು ಬಡಿಸಿದೆ. ಸುಧಾ ಭದ್ರಾವತಿಯ ಶಾಲೆಯೊಂದಕ್ಕೆ ಸೇರಿಕೊಂಡಳು. ಭಾನುವಾರಗಳಲ್ಲಿ ನಾನು ಮತ್ತೆ ನನ್ನ ಹಳೆಯ ಒಳ್ಳೆಯವರ ಗುಂಪಿನ ಜೊತೆ ಕುರಿ ಹುಡುಕಲು ಹೋಗುತ್ತಿದ್ದೆ.

ಬೇಸಿಗೆ ರಜೆ ಶುರುವಾದ ಮೇಲೆ ಒಂದು ದಿನ ಪ್ರಸನ್ನ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ, ಹಗ್ಗ ಹಿಡಿದು ಬಂದ. ಬಾಗಿಲಲ್ಲೇ ನಿಂತು ಬೆವರೊರೆಸಿಕೊಳ್ಳುತ್ತಾ, "ಮಾವ, ಹೆಂಗೆ ಕೇಳೋದೋ ಗೊತ್ತಾಗ್ತಿಲ್ಲ. ಸುಧಾ ನಿಮ್ಮ ಕಂಪ್ಯೂಟರ್ ತಗೊಂಡು ಬಾ ಅಂದ್ಲು. ಅತ್ತೆಗೂ ಬೇಕಂತೆ" ಎಂದ. ಎಷ್ಟು ದಿನಕ್ಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನಿಗೆ ಗಂಟು ಹಾಕಲು ಬರುತ್ತಿರಲಿಲ್ಲವಾದ್ದರಿಂದ ಪೆಟ್ಟಿಗೆಗಳನ್ನು ನಾನೇ ಕಟ್ಟಿಕೊಟ್ಟೆ. ಒಡೆಯದಿರಲೆಂದು ಸುತ್ತ ಹಳೆಯ ಬೆಡ್‌ಶೀಟು ತುರುಕಿದೆ. ಆಟೋ ಹಿಡಿದು ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದೆವು. ಅವನನ್ನು ಸೀಟಿನಲ್ಲಿ ಕೂರಿಸಿ ಮನೆಗೆ ಬಂದು ನೋಡಿದರೆ ಮೌಸ್ ಮೇಜಿನ ಮೇಲೇ ಉಳಿದಿತ್ತು. ಅದೇ ಆಟೋದಲ್ಲಿ ವಾಪಸು ಓಡಿದೆ. ಬಸ್ಸು ಆಗಲೇ ಹೊರಟಿತ್ತು. ಕೂಗಿ ನಿಲ್ಲಿಸಿ, ಕಿಟಕಿಯಲ್ಲಿ ಕೈಹಾಕಿ ಕೊಟ್ಟೆ.

"ಥ್ಯಾಂಕ್ಸ್ ಮಾವ" ಎಂದ.

"ಪರವಾಗಿಲ್ಲ" ಎಂದೆ.