ಗೇರಿನ ಎಣ್ಣೆ: ನಾಲ್ಕೋ, ಐದೋ?

ನಮ್ಮ ಕಾರು ಒಂದನೇ ಗೇರಿನಿಂದ ಎರಡನೇ ಗೇರಿಗೆ ಹೋಗುವಾಗ 'ಕರ್ರ್' ಎನ್ನುತ್ತಿತ್ತು. ಈ ಒಂದು ಶಬ್ದ ನಮ್ಮ ಹನ್ನೊಂದು ವರ್ಷದ ಸಂಸಾರದ ಬುಡವನ್ನೇ ಅಲ್ಲಾಡಿಸಿತೆಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನಿಮ್ಮ ಮನೆಯಲ್ಲಿ ಒಂದೇ ಕಾರಿಗೆ ಇಬ್ಬರು ಚಾಲಕರಿಲ್ಲವೆಂದು ಕಾಣುತ್ತದೆ.

ಇಬ್ಬರು ಎಂದೆನಲ್ಲ, ಆಗಿನ್ನೂ ಒಂದೂವರೆ. ಲೈಸೆನ್ಸು ಇದ್ದದ್ದು ನನಗೆ. ನನ್ನ ಹೆಂಡತಿ ಕಲಿಯುತ್ತಿದ್ದಳು. ಅವಳಿಗೆ ಊರಾಚೆಯ ಒಂದು ಶಾಲೆಯಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅಲ್ಲಿಗೆ ಬಸ್ಸಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಲೈಸೆನ್ಸು ಬಾರದಿದ್ದರೆ ಕೆಲಸ ಬೇರೆಯವರ ಪಾಲು. ಹೀಗಿರುವಾಗ ಡ್ರೈವಿಂಗ್ ಪರೀಕ್ಷೆಯ ದಿನ, ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತಿರುವಾಗಲೇ, ಕಾರು 'ಕರ್ರ್' ಎಂದು ನಿಂತೇಬಿಟ್ಟಿತಂತೆ. ಅವಳು ಫೇಲಾದಳು. ಇನ್ನೊಂದು ಅವಕಾಶ ಇಪ್ಪತ್ತನೇ ತಾರೀಖಿಗೆ ಎಂದು ಚೀಟಿ ಕೊಟ್ಟು ಕಳಿಸಿದರು.

"ಗೇರು ಸರಿಯಿಲ್ಲ ರೀ" ಎಂದಳು, ಚಪ್ಪಲಿ ಬಿಡುವ ಮೊದಲೇ.

"ಗೇರು ಸರಿಯಾಗೇ ಇದೆ. ನಿನ್ನ ಎಡಗಾಲು ಸರಿಯಿಲ್ಲ. ಕ್ಲಚ್ಚನ್ನ ಪೂರ್ತಿ ಒತ್ತಲ್ಲ ನೀನು."

"ಹಾಗಾದ್ರೆ ನೀವು ಓಡಿಸುವಾಗಲೂ ಯಾಕೆ ಶಬ್ದ ಬರತ್ತೆ?"

"ನೀನು ಹಾಳು ಮಾಡಿಟ್ಟ ಮೇಲೆ ತಾನೇ ನಾನು ಓಡಿಸೋದು?"

(ಈ ಉತ್ತರ ಹೊಳೆದಾಗ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು. ರಾತ್ರಿ ಊಟದ ಹೊತ್ತಿಗೆ ಇಳಿಯಿತು. ಅವಳು ತಟ್ಟೆ ಇಟ್ಟ ರೀತಿ ಹಾಗಿತ್ತು.)

ಮರುದಿನ ಬೀದಿಯ ತುದಿಯ ಮೆಕ್ಯಾನಿಕ್ಕನ ಹತ್ತಿರ ಹೋದೆವು. ಅವನು ಕಿವಿಗೊಟ್ಟು ಕೇಳಿದ. ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಕಾರು ಕೊಂಡಾಗಿನಿಂದ ಬದಲಾಯಿಸಿಯೇ ಇಲ್ಲ, ಮೊದಲು ಅದನ್ನು ಮಾಡೋಣ ಎಂದ. ಎಣ್ಣೆ ಮಾತ್ರ ನಾವೇ ತರಬೇಕು, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದನ್ನೇ ತರಬೇಕು. ನಾನು ಎಣ್ಣೆಯ ಸಕಲ ಹೊಣೆಯನ್ನೂ ಹೊತ್ತುಕೊಂಡೆ. ಎಣ್ಣೆ ಬದಲಾಗುವವರೆಗೆ ಕಾರನ್ನು ಯಾರೂ ಮುಟ್ಟಕೂಡದೆಂದು ಫರ್ಮಾನನ್ನೂ ಹೊರಡಿಸಿದೆ. ಮನೆಯಲ್ಲಿ ಇರುವುದು ಇಬ್ಬರೇ ಆದ್ದರಿಂದ 'ಯಾರೂ' ಎಂದರೆ ಯಾರೆಂದು ಅವಳಿಗೆ ತಿಳಿಯಿತು.

ನಾನು ಔಷಧಿ ಅಂಗಡಿಯವನು. ದಿನಕ್ಕೆ ಹತ್ತು ಜನ ಬಂದು "ಅದೇ, ದುಂಡಗೆ ಹಳದಿ ಮಾತ್ರೆ ಕೊಡಿ" ಎನ್ನುತ್ತಾರೆ. ಚೀಟಿ ತನ್ನಿ ಎಂದು ಗದರಿಸಿ ಕಳಿಸುತ್ತೇನೆ. ಅಂಥ ನಾನು ಎಣ್ಣೆ ಅಂಗಡಿಗೆ ಹೋಗಿ "ಕಾರಿನ ಗೇರಿಗೆ ಎಣ್ಣೆ ಕೊಡಿ" ಎಂದೆ. ಅಂಗಡಿಯವನು ಕನ್ನಡಕದ ಮೇಲಿನಿಂದ ನೋಡಿದ.

"ಯಾವ ದರ್ಜೆ? ಜಿಎಲ್ ನಾಲ್ಕಾ, ಐದಾ?"

"ಯಾವುದು ಒಳ್ಳೇದು?"

"ಕಾರಿಗೆ ಯಾವುದು ಹೇಳಿದಾರೋ ಅದು ಒಳ್ಳೇದು. ತಿಳ್ಕೊಂಡು ಬನ್ನಿ."

ಪುಸ್ತಕ ಸಿಗಲಿಲ್ಲ. ಹಾಗಾಗಿ ತಿಳಿದವರನ್ನು ಕೇಳಲು ಹೊರಟೆ. ನನ್ನ ತಪ್ಪು ಶುರುವಾದದ್ದು ಇಲ್ಲಿಂದ. ಹೆಂಡತಿಯ ಅಣ್ಣ ಇಪ್ಪತ್ತು ವರ್ಷದಿಂದ ಲಾರಿ ಓಡಿಸುವವನು. ಐದು ನಾಲ್ಕಕ್ಕಿಂತ ದೊಡ್ಡದು ತಾನೇ, ಐದನ್ನೇ ಹಾಕು ಎಂದ. ಈ ತರ್ಕ ನನಗೆ ಬಹಳ ಹಿಡಿಸಿತು. ಆದರೆ ಪಕ್ಕದ ಮನೆಯ ನಿವೃತ್ತ ಲೇತ್ ಮೇಷ್ಟ್ರು ಹೌಹಾರಿದರು. ಐದರಲ್ಲಿ ಹಾಕುವ ರಾಸಾಯನಿಕ ಗೇರ್ ಪೆಟ್ಟಿಗೆಯೊಳಗಿನ ಹಿತ್ತಾಳೆ ಬಳೆಗಳನ್ನು ತಿಂದುಹಾಕುತ್ತದಂತೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಫೋನಿನಲ್ಲಿ ಹುಡುಕಿದೆ. ಒಬ್ಬ ಮಹಾಶಯ ಹತ್ತು ವರ್ಷದಿಂದ ಐದನ್ನೇ ಹಾಕಿ ಸುಖವಾಗಿದ್ದೇನೆಂದು ಬರೆದಿದ್ದ. ಅವನ ಕೆಳಗೆ ಇನ್ನೊಬ್ಬ, ಅವನ ಗೇರ್ ಪೆಟ್ಟಿಗೆಗೆ ಸಂತಾಪ ಸೂಚಿಸಿದ್ದ. ಅಲ್ಲಿಂದ ಮುಂದೆ ನಲವತ್ತು ಜನ ಬಡಿದಾಡಿಕೊಂಡಿದ್ದರು. ನಾನು ಎಲ್ಲರ ಮಾತಿಗೂ ಹೌದು ಹೌದು ಎಂದು ತಲೆದೂಗುತ್ತ ಓದಿದೆ.

ಸಂಜೆ ಹೆಂಡತಿ ಬೀರುವಿನ ತಳದಿಂದ ಪುಸ್ತಕ ಹುಡುಕಿ ತೆಗೆದಿದ್ದಳು. "ಜಿಎಲ್ ನಾಲ್ಕು. ಎಪ್ಪತ್ತೈದು ಡಬ್ಲ್ಯೂ ತೊಂಬತ್ತು. ಮುಗೀತಲ್ಲ?" ಎಂದಳು.

ಎಲ್ಲಿ ಮುಗಿಯುತ್ತದೆ? ಎಪ್ಪತ್ತೈದು ಡಬ್ಲ್ಯೂ ತೊಂಬತ್ತು ಎಂಬುದು ಎಣ್ಣೆ ಎಷ್ಟು ಮಂದ, ಎಷ್ಟು ತೆಳು ಎಂದು ಹೇಳುವ ಸಂಖ್ಯೆ. ಎಣ್ಣೆ ಅಂಗಡಿಯಲ್ಲಿ ಜಿಎಲ್ ನಾಲ್ಕು ಇತ್ತು, ಆದರೆ ಎಂಬತ್ತು ಡಬ್ಲ್ಯೂ ತೊಂಬತ್ತು. ಎಪ್ಪತ್ತೈದೂ ಇತ್ತು, ಆದರೆ ಅದು ಜಿಎಲ್ ಐದು. ದರ್ಜೆ ಸರಿಯಾದರೆ ಮಂದ ತಪ್ಪು, ಮಂದ ಸರಿಯಾದರೆ ದರ್ಜೆ ತಪ್ಪು. ನನ್ನ ತಲೆ ಗಿರ್ರೆಂದಿತು. ಕೊನೆಗೆ ಎರಡನ್ನೂ ಅರ್ಧರ್ಧ ಬೆರೆಸಿದರೆ ಹೇಗೆ ಎಂಬ ದಿವ್ಯ ಆಲೋಚನೆ ಬಂತು. ಹೆಂಡತಿಗೆ ಹೇಳಿದೆ.

"ನಿಮ್ಮ ಅಂಗಡೀಲಿ ಯಾರಾದ್ರೂ ಎರಡು ಔಷಧಿ ಬೆರೆಸಿ ಕೊಡಿ ಅಂದ್ರೆ ಕೊಡ್ತೀರಾ?" ಎಂದಳು. "ಪರೀಕ್ಷೆಗೆ ಇನ್ನು ಒಂಬತ್ತೇ ದಿನ ಇದೆ, ಗೊತ್ತಾ?"

"ಅವಸರ ಮಾಡ್ಬೇಡ. ಇದು ತಜ್ಞರ ವಿಷಯ" ಎಂದೆ.

ಆಮೇಲೆ ಅವಳು ಎಣ್ಣೆಯ ಮಾತೇ ಎತ್ತಲಿಲ್ಲ. ನನ್ನ ಮೇಲೆ ನಂಬಿಕೆ ಬಂದಿದೆ ಎಂದುಕೊಂಡೆ. (ಮದುವೆಯಾದವರೆಲ್ಲ ಇಲ್ಲಿ ನನಗಾಗಿ ಒಂದು ನಿಟ್ಟುಸಿರು ಬಿಡಬಹುದು.) ಲೆಡ್ಜರಿನ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದೆ: ಎಡಗಡೆ ನಾಲ್ಕರ ಗುಣಗಳು, ಬಲಗಡೆ ಐದರ ದೋಷಗಳು. ಮಾರನೇ ದಿನ ಎರಡೂ ಕಡೆ ಅದಲುಬದಲಾದವು. ಭಾನುವಾರ ಕಾರು ತೆಗೆದು ಒಂದು ಸುತ್ತು ಹಾಕಿದೆ. ಕರ್ರ್. 'ರೋಗ ಉಲ್ಬಣ' ಎಂದು ಪಟ್ಟಿಯ ಕೆಳಗೆ ಬರೆದುಕೊಂಡೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಮಾತ್ರೆ ಡಬ್ಬದ ಮೇಲೆ ಅವಧಿ ಮುಗಿಯುವ ತಾರೀಖು ನೋಡುತ್ತಿದ್ದವನು ಕ್ಯಾಲೆಂಡರ್ ಕಡೆ ತಿರುಗಿದೆ. ಇಪ್ಪತ್ತೆರಡು. ಪರೀಕ್ಷೆ ಮುಗಿದು ಎರಡು ದಿನವಾಗಿತ್ತು. ಪಾಪ, ಅವಳು ಒಂದು ಮಾತೂ ಆಡಿರಲಿಲ್ಲ. ಅಷ್ಟು ಆಸೆಯಿಂದ ಕಾಯುತ್ತಿದ್ದ ಕೆಲಸ, ನನ್ನ ನಾಲ್ಕು-ಐದರ ನಡುವೆ ಸಿಕ್ಕಿ ಕೈಬಿಟ್ಟು ಹೋಗಿತ್ತು. ನಿಜವಾಗಿಯೂ ನನ್ನ ಕಣ್ಣು ತುಂಬಿ ಬಂತು. ಅಂಗಡಿಯ ಬಾಗಿಲೆಳೆದು ಎಣ್ಣೆ ಅಂಗಡಿಗೆ ಓಡಿದೆ. ಕೈಗೆ ಸಿಕ್ಕ ಡಬ್ಬ ಹಿಡಿದು, ಮನೆಯಿಂದ ಕಾರು ತೆಗೆದು, ಕರ್ರ್ ಎನ್ನಿಸುತ್ತಲೇ ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದೆ.

ಅವನು ಡಬ್ಬ ನೋಡಿದ, ನನ್ನನ್ನು ನೋಡಿದ.

"ಹಾಕಿ ವಾರ ಆಯ್ತಲ್ಲ ಸಾರ್?"

"ಏನು?"

"ಎಣ್ಣೆ. ಮೇಡಂ ಕಾರು ಕಂಪನಿಯವರ ಬಿಡಿಭಾಗದ ಕೌಂಟರಿಗೆ ಪುಸ್ತಕ ತಗೊಂಡು ಹೋಗಿ ಡಬ್ಬ ತಂದ್ರು. ಹಳೇದು ಟಾರಿನ ಹಾಗಿತ್ತು. ಮೊನ್ನೆ ಪರೀಕ್ಷೆ ಪಾಸಾಯ್ತು ಅಂತ ಫೋನೂ ಮಾಡಿದ್ರು."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಬಾಯಿಂದ ಬಂದದ್ದೇ ಬೇರೆ. ನಾಲ್ಕಾ ಐದಾ ಎಂದು ಕೇಳಿದೆ. ಡಬ್ಬದ ಮೇಲೆ ಏನಿತ್ತೋ ನೋಡಲಿಲ್ಲ, ಪುಸ್ತಕದಲ್ಲಿದ್ದದ್ದೇ ಇರಬೇಕು ಎಂದ. ಹಾಗಾದರೆ ನಾನು ಓಡಿಸುವಾಗ ಈಗಲೂ ಶಬ್ದ ಬರುತ್ತಿರುವುದೇಕೆ ಎಂದೆ. ಅವನು ಪಕ್ಕದಲ್ಲಿ ಕೂತು ಬೀದಿಯಲ್ಲಿ ಒಂದು ಸುತ್ತು ಹೊಡೆಸಿದ. ಕಣ್ಣು ಮಾತ್ರ ನನ್ನ ಕಾಲಿನ ಮೇಲೆಯೇ ಇಟ್ಟಿದ್ದ.

"ಬೇಜಾರು ಮಾಡ್ಕೋಬೇಡಿ ಸಾರ್" ಎಂದ ಮೆಲ್ಲಗೆ. "ಮೇಡಂ ಓಡಿಸುವಾಗ ಶಬ್ದ ಬರಲ್ಲ. ನೀವು ಕ್ಲಚ್ಚು ಅರ್ಧ ಒತ್ತಿದ ಕೂಡ್ಲೇ ಗೇರು ಎಳೀತೀರಿ."

ಮನೆಗೆ ಬಂದಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನಾನು ಮತ್ತೆ ನಾಲ್ಕು ಜನರ ಅಭಿಪ್ರಾಯ ಕೇಳುತ್ತಿದ್ದೆನಂತೆ, ಅಷ್ಟರಲ್ಲಿ ಅವಳಿಗೆ ನಿವೃತ್ತಿಯಾಗುತ್ತಿತ್ತಂತೆ. ಕಾಲಿನ ವಿಷಯವನ್ನು ನಾನು ಎತ್ತಲಿಲ್ಲ. ಆದರೆ ಮೆಕ್ಯಾನಿಕ್ಕನ ಹತ್ತಿರ ಫೋನಿದೆಯಲ್ಲ.

ಈಗ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅರ್ಧ ಗಂಟೆ ಅವಳು ನನ್ನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾಳೆ. ಪಕ್ಕದಲ್ಲಿ ಕೂತು "ಪೂರ್ತಿ ಒತ್ತಿ" ಎನ್ನುತ್ತಾಳೆ, ನಾನು ಒತ್ತುತ್ತೇನೆ. ಇವತ್ತಿಗೆ ಎಂಟು ದಿನವಾಯಿತು. ಎರಡನೇ ಗೇರಿನವರೆಗೆ ಬಂದಿದ್ದೇನೆ. ಹೀಗೇ ಗಮನ ಕೊಟ್ಟು ಕಲಿತರೆ ಮುಂದಿನ ವಾರ ಮೂರನೆಯದು ಹೇಳಿಕೊಡುತ್ತಾಳಂತೆ.